ಕುಲುಮೆ ಕತ್ತಿ, ಡಿ2 ಚೂರಿ, ಡಮಾಸ್ಕಸ್: ಕೊಡಗಿನ ಮಳೆಯಲ್ಲಿ ಯಾವುದು ನಿಲ್ಲುತ್ತದೆ?

ಮಡಿಕೇರಿಯ ಒಂದು ಹಾಲ್‌ನಲ್ಲಿ ಕೈಯಲ್ಲೇ ಮಾಡಿದ ಚೂರಿಗಳ ಪ್ರದರ್ಶನ ಇತ್ತು. ಬೆಂಗಳೂರು, ತಮಿಳುನಾಡು ಕಡೆಯ ಹುಡುಗರು ತಾವೇ ಮಾಡಿದ ಚೂರಿಗಳನ್ನು ತಂದು ಟೇಬಲ್ ಮೇಲೆ ಹರಡಿದ್ದರು. ಅಲ್ಲಿ ಎರಡನ್ನು ಕೊಂಡೆ. ಒಂದು ಡಿ2 ಅನ್ನುವ ಗಡಸು ಉಕ್ಕಿನದು, ಇನ್ನೊಂದು ಮೈಮೇಲೆ ಅಲೆಯಂಥ ಚಿತ್ತಾರ ಇರುವ ಡಮಾಸ್ಕಸ್. ಗೋಣಿಕೊಪ್ಪ ಕಡೆಯ ಕಮ್ಮಾರ ಆಚಾರಿಯೊಬ್ಬರು ತಮ್ಮ ಕುಲುಮೆಯಲ್ಲಿ ಮಾಡಿಕೊಟ್ಟ ಕತ್ತಿ ಮನೆಯಲ್ಲಿ ಮೊದಲೇ ಇತ್ತು. ಮೂರನ್ನೂ ಒಂದೇ ಮಳೆಗಾಲದಲ್ಲಿ, ನಮ್ಮ ತೋಟದಲ್ಲಿ ಮತ್ತು ಅಡುಗೆಮನೆಯಲ್ಲಿ ಚೆನ್ನಾಗಿ ದುಡಿಸಿದೆ.

ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ತೋಟಕ್ಕೆ ಕುಲುಮೆ ಕತ್ತಿ, ಮಾಂಸಕ್ಕೆ ಡಿ2. ಡಮಾಸ್ಕಸ್‌ಗೆ ಬೇರೆಯೇ ಜಾಗ ಇದೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು. ಅಷ್ಟು ಚೂರಿಗಳಿದ್ದ ಹಾಲ್‌ನಲ್ಲಿ ನಮ್ಮ ಕುಲುಮೆಯ ಒಂದು ಕತ್ತಿಯೂ ಇರಲಿಲ್ಲ. ಇರಬೇಕಿತ್ತು. ಮೂರನ್ನೂ ಬಳಸಿದ ಮೇಲೆ ಆ ಅಭಿಪ್ರಾಯ ಇನ್ನೂ ಗಟ್ಟಿಯಾಗಿದೆ.

ಕತ್ತಿಯನ್ನು ಮೆಚ್ಚುವುದು ಕೊಡಗಿಗೆ ಹೊಸದೇನಲ್ಲ. ನಾಟಿ ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ ಶುರುವಿನಲ್ಲಿ ಬರುವ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿ, ಕತ್ತಿಗಳನ್ನೆಲ್ಲ ತೊಳೆದು ಒರೆಸಿ, ತೋಕ್‌ಪೂ ಮುಡಿಸಿ, ಪೂಜೆಗೆ ಇಡುತ್ತಾರೆ. ಕೊಡವ ಗಂಡಸರ ಉಡುಪಾದ ಕುಪ್ಯಚೇಲೆ ತೊಟ್ಟವರು ಸೊಂಟದ ಮುಂದೆ ಪೀಚೆಕತ್ತಿ ಅನ್ನುವ ಚಿಕ್ಕ ಕಠಾರಿ ಸಿಕ್ಕಿಸುತ್ತಾರೆ. ಅದರ ಬೆಳ್ಳಿ ಕೆಲಸ ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಒಡಿಕತ್ತಿ ಹಾಗಲ್ಲ, ಅದು ದುಡಿಯುವ ಆಯುಧ. ಅಗಲವಾದ ಅಲಗು, ಒಳಮುಖವಾಗಿ ಬಾಗಿದ ಬಾಯಿ, ತೂಕವೆಲ್ಲ ಮುಂದಕ್ಕೆ. ಮದುವೆಯಲ್ಲಿ ಬಾಳೆಕಂಬ ಕಡಿಯುವುದನ್ನು ನೋಡಿದವರಿಗೆ ಗೊತ್ತು, ಬೀಸಿದ ಕೈ ಅರ್ಧ ಕೆಲಸ ಮಾಡಿದರೆ ಉಳಿದರ್ಧವನ್ನು ಕತ್ತಿಯ ಆಕಾರವೇ ಮಾಡುತ್ತದೆ. ನಮ್ಮ ಮನೆಯ ಕುಲುಮೆ ಕತ್ತಿಗೂ ಅದೇ ಬಾಗು ಇದೆ. ಗಾತ್ರ ಮಾತ್ರ ಚಿಕ್ಕದು.

ಪ್ರದರ್ಶನದಲ್ಲಿ ಆಕಾರಗಳೇ ಬೇರೆ. ಬೋವಿ ಅನ್ನುವ ಅಮೆರಿಕದ ದೊಡ್ಡ ಚೂರಿ, ಬೆನ್ನು ನಿಧಾನವಾಗಿ ಮೊನೆಗೆ ಇಳಿಯುವ ಡ್ರಾಪ್ ಪಾಯಿಂಟ್, ಶೆಫ್ ನೈಫ್, ಮಡಚುವ ಚೂರಿಗಳು. ಅಲಗುಗಳು 9 ಇಂಚಿನೊಳಗೇ ಇದ್ದವು. ಅದಕ್ಕೆ ಕಾರಣ ಕಾನೂನು. ಮನೆ, ಕೃಷಿ, ಕೈಗಾರಿಕೆ ಇಂಥ ಕೆಲಸಕ್ಕೆಂದು ಮಾಡಿದ್ದಲ್ಲದಿದ್ದರೆ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚೂರಿ ಆಯುಧಗಳ ಪಟ್ಟಿಗೆ ಸೇರುತ್ತದೆ. ಕೊಡವರಿಗೆ ಮತ್ತು ಕೊಡಗಿನ ಹಳೆಯ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಆಯುಧ ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಆದರೆ ಮಾಡುವವರು ಎಲ್ಲ ಊರಿಗೂ ಮಾರಬೇಕಲ್ವಾ? ಹಾಗಾಗಿ ಅಳತೆಯ ಒಳಗೇ ಇರುತ್ತಾರೆ.

ಈಗ ಮೂರರ ವಿಷಯಕ್ಕೆ ಬರೋಣ.

ಕುಲುಮೆ ಕತ್ತಿಯ ಉಕ್ಕು ಜೀಪಿನ ಕಮಾನು ಪಟ್ಟಿಯದು. ಈ ಉಕ್ಕಿನಲ್ಲಿ ಕಾರ್ಬನ್ ಹೆಚ್ಚುಕಮ್ಮಿ ಶೇ. 0.6ರ ಆಸುಪಾಸು. ಬಗ್ಗಿ ಮತ್ತೆ ನೆಟ್ಟಗಾಗುವುದೇ ಅದರ ಕೆಲಸವಾದ್ದರಿಂದ ಪೆಟ್ಟು ತಿನ್ನುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಪಟ್ಟಿಯನ್ನು ಕಾಯಿಸಿ ಬಡಿದ ಕೂಡಲೇ ಹಳೆಯ ಹದ ಹೋಗಿಬಿಡುತ್ತದೆ. ಹೊಸ ಹದವನ್ನು ಆಚಾರಿಯೇ ಕೊಡಬೇಕು. ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಬಾಯಿಯ ಭಾಗ ಮಾತ್ರ ಕೆಂಪಗಾಗುವ ಹಾಗೆ ಇದ್ದಿಲಿನಲ್ಲಿ ಇಡುತ್ತಾರೆ. ಹೊರಗೆ ತೆಗೆದು ಬಾಯಿಯನ್ನಷ್ಟೇ ನೀರಿಗೆ ಅದ್ದುತ್ತಾರೆ. ಬೆನ್ನು ಇನ್ನೂ ಬಿಸಿಯಾಗಿಯೇ ಇರುತ್ತದೆ. ತಕ್ಷಣ ಕಲ್ಲಿನಿಂದ ಉಜ್ಜಿ ಬಾಯಿಯನ್ನು ಬೆಳ್ಳಗೆ ಮಾಡುತ್ತಾರೆ. ಆಮೇಲೆ ನೋಡಬೇಕು. ಬೆನ್ನಿನ ಬಿಸಿ ಬಾಯಿಯ ಕಡೆ ಹರಿಯುತ್ತಾ ಬಂದ ಹಾಗೆ ಉಕ್ಕಿನ ಮೇಲೆ ಬಣ್ಣ ಓಡುತ್ತದೆ. ಮೊದಲು ತೆಳು ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿ ಬಾಯಿಗೆ ಬಂದು ಕಂದಿಗೆ ತಿರುಗುವ ಹೊತ್ತಿಗೆ ಕತ್ತಿ ಪೂರ್ತಿ ನೀರಿಗೆ ಹೋಗುತ್ತದೆ. ಸ್ವಲ್ಪ ಬೇಗ ಅದ್ದಿದರೆ ಬಾಯಿ ಮುಕ್ಕಾಗುತ್ತದೆ, ತಡ ಮಾಡಿದರೆ ಮಡಚುತ್ತದೆ. ಥರ್ಮಾಮೀಟರ್ ಇಲ್ಲ, ಗಡಿಯಾರ ಇಲ್ಲ. ಬರೀ ಕಣ್ಣಳತೆ.

"ಬಾಯಿ ಗಟ್ಟಿ ಇರ್ಬೇಕು ಅಕ್ಕಾ, ಬೆನ್ನು ಮೆತ್ತಗಿರ್ಬೇಕು. ಎರಡೂ ಗಟ್ಟಿ ಆದ್ರೆ ಕಲ್ಲಿಗೆ ತಾಗಿದ ದಿನ ಎರಡು ತುಂಡು," ಅಂದರು ಆಚಾರಿ. ಪ್ರದರ್ಶನದ ಹುಡುಗನೂ ಇದನ್ನೇ ಬೇರೆ ಮಾತಿನಲ್ಲಿ, ಬಹಳ ಹೆಮ್ಮೆಯಿಂದ ಹೇಳಿದ.

ಡಿ2 ಬೇರೆ ಜಾತಿ. ಕಾರ್ಬನ್ ಸುಮಾರು ಶೇ. 1.5, ಕ್ರೋಮಿಯಂ ಸುಮಾರು ಶೇ. 12. ಲೋಹದ ತಗಡನ್ನು ಕತ್ತರಿಸುವ ಅಚ್ಚುಗಳಿಗೆಂದು ಬಂದ ಉಕ್ಕು ಇದು. ಇದನ್ನು ಕುಲುಮೆಯಲ್ಲಿ ಕಣ್ಣಳತೆಯಿಂದ ಹದ ಮಾಡಲು ಆಗುವುದಿಲ್ಲ. ಕರೆಂಟ್ ಫರ್ನೇಸ್‌ನಲ್ಲಿ ಸುಮಾರು 1,010 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎರಡು ದಪ್ಪ ಅಲ್ಯೂಮಿನಿಯಂ ಹಲಗೆಗಳ ನಡುವೆ ಒತ್ತಿ ಆರಿಸಿದೆ ಎಂದು ಮಾಡಿದ ಹುಡುಗ ವಿವರಿಸಿದ. ಆಮೇಲೆ ಎರಡು ಸಲ ಕಡಿಮೆ ಬಿಸಿಯಲ್ಲಿ ಟೆಂಪರ್, ಅಂದರೆ ಮತ್ತೆ ಕಾಯಿಸಿ ಬಿರುಸು ತಗ್ಗಿಸುವುದು. ಗಡಸುತನ ರಾಕ್‌ವೆಲ್ ಮಾಪನದಲ್ಲಿ 60ರ ಹತ್ತಿರ. ನನ್ನ ಚೂರಿಯ ಅಲಗು 5 ಇಂಚು, ಹಿಡಿ ಮೈಕಾರ್ಟಾ. ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ್ದಕ್ಕೆ ಮೈಕಾರ್ಟಾ ಅನ್ನುತ್ತಾರೆ.

ಡಮಾಸ್ಕಸ್ ಅಂದರೆ ಎರಡು ಬಗೆಯ ಉಕ್ಕನ್ನು ಪದರ ಪದರವಾಗಿ ಬೆಸೆದು, ಮಡಚಿ, ತಿರುಚಿ ಮಾಡಿದ್ದು. ಸಾಮಾನ್ಯವಾಗಿ ಒಂದು ಸಾದಾ ಕಾರ್ಬನ್ ಉಕ್ಕು, ಇನ್ನೊಂದು 15ಎನ್20. ಎರಡನೆಯದರಲ್ಲಿ ಸುಮಾರು ಶೇ. 2 ನಿಕಲ್ ಇರುತ್ತದೆ. ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದಾಗ ಸಾದಾ ಉಕ್ಕು ಕಪ್ಪಾಗುತ್ತದೆ, ನಿಕಲ್ ಇರುವುದು ಬೆಳ್ಳಗೇ ಉಳಿಯುತ್ತದೆ. ಚಿತ್ತಾರ ಮೂಡುವುದು ಹಾಗೆ. ಅಮೆರಿಕದ ಚೂರಿ ಕಮ್ಮಾರ ಬಿಲ್ ಮೊರಾನ್ 1973ರಲ್ಲಿ ಅಲ್ಲಿನ ನೈಫ್‌ಮೇಕರ್ಸ್ ಗಿಲ್ಡ್ ಪ್ರದರ್ಶನದಲ್ಲಿ ಇಂಥ ಚೂರಿಗಳನ್ನು ಇಟ್ಟ ಮೇಲೆ ಇದರ ಮೇಲಿನ ಮೋಹ ಮತ್ತೆ ಹಬ್ಬಿತು. ನಾನು ಕೊಂಡದ್ದು 7 ಇಂಚಿನ ಅಡುಗೆ ಚೂರಿ. ನಾಟಿಯಾದ ಗದ್ದೆಯ ನೀರಿನ ಮೇಲೆ ಗಾಳಿ ಎಬ್ಬಿಸುವ ಅಲೆಯ ಹಾಗಿದೆ ಅದರ ಮೈ. ಕಿಟಕಿ ಬೆಳಕಿಗೆ ಹಿಡಿದು ಓರೆ ಮಾಡಿದಷ್ಟೂ ಚಿತ್ತಾರ ಸರಿದಾಡುತ್ತದೆ. ಪ್ರದರ್ಶನದಲ್ಲಿ ಜನ ಜಾಸ್ತಿ ಮುತ್ತಿದ್ದು ಈ ಟೇಬಲನ್ನೇ. ಒಂದು ಮಾತು ಮಾತ್ರ ನೆನಪಿರಲಿ. ಚಿತ್ತಾರ ಕೊಯ್ಯುವುದಿಲ್ಲ, ಬಾಯಿಗೆ ಬಂದ ಉಕ್ಕು ಮತ್ತು ಅದರ ಹದ ಕೊಯ್ಯುತ್ತದೆ.

ಪರೀಕ್ಷೆ ಹೇಗೆ ಮಾಡುವುದು ಅಂತ ಯೋಚಿಸಿದಾಗ 1976ರಲ್ಲಿ ಶುರುವಾದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯ ಕ್ರಮ ನೆನಪಾಯಿತು. ಅವರಲ್ಲಿ ಪದವಿ ಬೇಕಾದವರು ತಾವು ಮಾಡಿದ ಒಂದೇ ಚೂರಿಯಿಂದ, ತೂಗುಬಿಟ್ಟ 1 ಇಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕಡಿಯಬೇಕು. ಆಮೇಲೆ 2 ಇಂಚು ದಪ್ಪ, 4 ಇಂಚು ಅಗಲದ ಮರವನ್ನು ಎರಡು ಸಲ ಕಡಿದು ತುಂಡರಿಸಬೇಕು. ಅದಾದ ಮೇಲೂ ಆ ಚೂರಿ ಕೂದಲು ಹೆರೆಯಬೇಕು. ಕೊನೆಗೆ ವೈಸ್‌ನಲ್ಲಿ ಸಿಕ್ಕಿಸಿ 90 ಡಿಗ್ರಿ ಬಗ್ಗಿಸಿದರೂ ಮುರಿಯಬಾರದು. ಬಗ್ಗಿಸುವುದೊಂದನ್ನು ಬಿಟ್ಟೆ, ಚೂರಿ ಉಳಿಯಬೇಕಲ್ಲ. ಉಳಿದದ್ದನ್ನು ನಮ್ಮ ಕೆಲಸಕ್ಕೆ ಹೊಂದಿಸಿಕೊಂಡೆ. ಹಗ್ಗದ ಬದಲು ತೆಂಗಿನ ನಾರಿನ ಹಗ್ಗ, ಮರದ ಬದಲು ಒಣಗಿದ ಸಿಲ್ವರ್ ಓಕ್ ಮರದ ಕೊಂಬೆ, ಕೂದಲಿನ ಬದಲು ನ್ಯೂಸ್‌ಪೇಪರ್.

ಕೊಂಬೆಯ ಮೇಲೆ ಮೂರರ ವ್ಯತ್ಯಾಸ ಎದ್ದು ಕಂಡಿತು. ಕುಲುಮೆ ಕತ್ತಿ ಪ್ರತಿ ಏಟಿಗೂ ದೊಡ್ಡ ಚಕ್ಕೆ ಹಾರಿಸಿತು. ಮುಂದಕ್ಕೆ ತೂಕ ಇರುವುದರಿಂದ ಕೈಗೆ ಆಯಾಸ ಕಮ್ಮಿ. ಮುಗಿದ ಮೇಲೆ ಬೆರಳಿಟ್ಟು ನೋಡಿದರೆ ಬಾಯಿ ಒಂದು ಕಡೆ ಸ್ವಲ್ಪ ಮಡಚಿತ್ತು. ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದೆ, ಸರಿಹೋಯಿತು. ಡಿ2 ಹಗುರ, ಕೊಂಬೆಯೊಳಗೆ ಇಳಿಯುವುದೇ ನಿಧಾನ. ಗಂಟಿನ ಜಾಗದಲ್ಲಿ ಹೊಡೆದಾಗ ಬಾಯಲ್ಲಿ ಸಣ್ಣ ಮುಕ್ಕು ಬಿತ್ತು, ಅಕ್ಕಿ ನುಚ್ಚಿನಷ್ಟು. ಈ ಉಕ್ಕಿನೊಳಗಿನ ಗಡಸು ಕಣಗಳೇ ಅದರ ಬಲ. ಪೆಟ್ಟಿನ ಕೆಲಸದಲ್ಲಿ ಅವೇ ತೊಂದರೆ. ಡಮಾಸ್ಕಸನ್ನು ಕೊಂಬೆಗೆ ಹಚ್ಚಲಿಲ್ಲ. ಅಷ್ಟು ತೆಳುವಾದ ಅಡುಗೆ ಚೂರಿಯಿಂದ ಆ ಕೆಲಸ ಮಾಡಿಸುವುದು ಅದನ್ನು ಮಾಡಿದವರಿಗೆ ಮಾಡುವ ಅನ್ಯಾಯ.

ಕಾಡು ಕಡಿಯುವುದಕ್ಕೆ, ಹಾಲುವಾಣದ ಕೊಂಬೆ ಇಳಿಸುವುದಕ್ಕೆ, ಬಾಳೆ ಕಡಿಯುವುದಕ್ಕೆ ಕುಲುಮೆ ಕತ್ತಿಯ ಮುಂದೆ ಬೇರೆ ಮಾತೇ ಇಲ್ಲ. ಅಷ್ಟೇ.

ಮಾಂಸಕ್ಕೆ ಬಂದಾಗ ಲೆಕ್ಕ ತಿರುಗಿತು. ಕೈಲ್‌ಪೊಳ್ದ್‌ಗೆ ಪಂದಿಕರಿ ಮಾಡಲು ದೊಡ್ಡ ಪಾಲು ಹಂದಿಮಾಂಸ ಬಂದಿತ್ತು. ಚರ್ಮ, ಕೊಬ್ಬು, ಮಾಂಸ ಮೂರೂ ಇರುವ ತುಂಡು ಕೊಯ್ಯುವುದು ಚೂರಿಗೆ ಕಠಿಣ ಪರೀಕ್ಷೆ. ಕೊಬ್ಬು ಜಾರುತ್ತದೆ, ಚರ್ಮ ಬಿಡುವುದಿಲ್ಲ. ಡಿ2 ಮೊದಲ ತುಂಡಿನಿಂದ ಕೊನೆಯ ತುಂಡಿನವರೆಗೆ ಒಂದೇ ಹರಿತದಲ್ಲಿ ನಡೆಯಿತು. ನಡುವೆ ಒಮ್ಮೆಯೂ ಮಸೆಯಲಿಲ್ಲ, ಕೊನೆಗೆ ಪೇಪರ್ ಕೂಡ ಕೊಯ್ದಿತು. ಕುಲುಮೆ ಕತ್ತಿ ಮೂಳೆ ಒಡೆಯಲು ಬೇಕೇ ಬೇಕಾಯಿತು, ಆದರೆ ಅಚ್ಚುಕಟ್ಟಾದ ತುಂಡಿಗೆ ಅದರ ಬೆನ್ನು ದಪ್ಪ. ಮಾಂಸವನ್ನು ಕೊಯ್ಯುವ ಬದಲು ಸೀಳುತ್ತಾ ಹೋಗುತ್ತದೆ.

ಡಮಾಸ್ಕಸ್ ಮಿಂಚಿದ್ದು ಕಣಿಲೆ ಹೆಚ್ಚುವಾಗ. ಎಳೆ ಬಿದಿರನ್ನು ಕಾಗದದಷ್ಟು ತೆಳ್ಳಗೆ ಹೆಚ್ಚಿತು, ಒಂದು ಬಿಲ್ಲೆಯೂ ಹರಿಯಲಿಲ್ಲ. ಈರುಳ್ಳಿ, ಶುಂಠಿಗೂ ಅದೇ ಸುಖ. ಹಲಸಿನ ಹಣ್ಣಿಗೆ ಮಾತ್ರ ಅದನ್ನು ಕೊಡಬೇಡಿ. ಕೊಬ್ಬರಿ ಎಣ್ಣೆ ಸವರಿದರೂ ಮೇಣ ಚಿತ್ತಾರದ ಗೆರೆಗಳಲ್ಲಿ ಕೂರುತ್ತದೆ, ಉಜ್ಜಿ ತೆಗೆಯಲು ಹೋದರೆ ಚಿತ್ತಾರವೇ ಮಂಕಾಗುತ್ತದೆ. ಹಲಸಿಗೆ ಕುಲುಮೆ ಕತ್ತಿ, ಎರಡು ಮಾತಿಲ್ಲ.

ಇನ್ನು ಮಳೆ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ ಬಟ್ಟೆಯೇ ಸಿಗುವುದಿಲ್ಲ, ಉಕ್ಕು ಹೇಗೆ ಉಳಿದೀತು? ಕುಲುಮೆ ಕತ್ತಿ ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಆದರೆ ಒಲೆಯ ಮೇಲಿನ ಅಟ್ಟದ ಪಕ್ಕ, ಹೊಗೆ ತಾಗುವಲ್ಲಿ, ಎಣ್ಣೆ ಸವರಿ ಸಿಕ್ಕಿಸಿದರೆ ಏನೂ ಆಗುವುದಿಲ್ಲ. ಡಿ2ಗೆ ತುಕ್ಕು ಬೇಗ ಹಿಡಿಯುವುದಿಲ್ಲ, ಹಾಗಂತ ಅದು ಸ್ಟೇನ್‌ಲೆಸ್ ಅಲ್ಲ. ಅದರ ಜೊತೆ ಬಂದ ಚರ್ಮದ ಒರೆಗೆ ಬೂಷ್ಟು ಹಿಡಿಯಿತು. ಒರೆಯೊಳಗೇ ಬಿಟ್ಟಿದ್ದಾಗ ಅಲಗಿನ ಮೇಲೆ ಚುಕ್ಕೆಗಳು ಎದ್ದವು. ಕೊಡಗಿನವರು ಚರ್ಮದ ಒರೆಯ ಚೆಂದ ನೋಡಿ ಮರುಳಾಗಬೇಡಿ. ಕೈಡೆಕ್ಸ್ ಅನ್ನುವ ಪ್ಲಾಸ್ಟಿಕ್ ಒರೆ ಕೇಳಿ, ಕೆಳಗೆ ನೀರು ಇಳಿಯುವ ತೂತು ಇರಲಿ.

ಡಮಾಸ್ಕಸ್‌ನ ಮೈ ಮೇಲೆ ಕಾಚಂಪುಳಿಯ, ಅಂದರೆ ಪಂದಿಕರಿಗೆ ಹಾಕುವ ಕಪ್ಪು ಹುಳಿರಸದ, ಎರಡು ಹನಿ ಬಿದ್ದದ್ದು ಗೊತ್ತಾಗಲಿಲ್ಲ. ಒಲೆಯಿಂದ ತಿರುಗಿ ನೋಡುವಷ್ಟರಲ್ಲಿ ಆ ಜಾಗದಲ್ಲಿ ನೀಲಿ-ಬೂದು ಕಲೆ ಕೂತಿತ್ತು. ಹುಳಿ ತಾಗಿದ ಕಾರ್ಬನ್ ಉಕ್ಕಿನ ಗುಣವೇ ಅದು, ತುಕ್ಕಲ್ಲ, ಕೆಟ್ಟದ್ದೂ ಅಲ್ಲ. ನನಗೆ ಆ ಕಲೆ ಇಷ್ಟವಾಯಿತು. ಹೊಸದರ ಹಾಗೆಯೇ ಇರಬೇಕು ಅನ್ನುವವರು ಮಾತ್ರ ಈ ಚೂರಿ ಕೊಳ್ಳಬಾರದು.

ಹಿಡಿಯ ವಿಷಯದಲ್ಲಿ ಪ್ರದರ್ಶನದ ಚೂರಿಗಳು ಗೆಲ್ಲುತ್ತವೆ. ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೆ ಬಂದು, ಎರಡೂ ಬದಿಗೆ ಹಲಗೆ ಕೂರಿಸಿ, ಪಿನ್ ಬಡಿದಿರುತ್ತಾರೆ. ಒದ್ದೆ ಕೈಯಲ್ಲೂ ಮೈಕಾರ್ಟಾ ಜಾರುವುದಿಲ್ಲ. ಕುಲುಮೆ ಕತ್ತಿಯ ಹಿಡಿ ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಬೀಸುವಾಗ ಹಿಡಿ ಸಡಿಲವಾಗಿರುವುದು ಅಪಾಯ. ನಮ್ಮ ಆಚಾರಿಗಳು ಈ ಒಂದು ಕೆಲಸವನ್ನು ಆ ಹುಡುಗರಿಂದ ಕಲಿತರೆ ಕತ್ತಿಗೆ ಕೊರತೆಯೇ ಇರುವುದಿಲ್ಲ. ಒಂದು ಎಚ್ಚರಿಕೆ. ಯಾರಾದರೂ ಜಿಂಕೆ ಕೊಂಬಿನ ಹಿಡಿ ತೋರಿಸಿದರೆ ದೂರ ಇರಿ. ವಿದೇಶದ ಪ್ರದರ್ಶನಗಳಲ್ಲಿ ಅದು ಮಾಮೂಲು, ಇಲ್ಲಿ ನಮ್ಮ ಕಾಡಿನ ಜಿಂಕೆ, ಕಡವೆಯ ಕೊಂಬು ಮಾರುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ಬೆಲೆ ನೋಡಿ. ಕುಲುಮೆ ಕತ್ತಿಗೆ ಸಾವಿರದೊಳಗೆ ಕೊಟ್ಟೆ. ಡಿ2ಗೆ ಅದರ ಏಳೆಂಟು ಪಟ್ಟು, ಡಮಾಸ್ಕಸ್‌ಗೆ ಇನ್ನೂ ಜಾಸ್ತಿ. ಆ ಹುಡುಗರ ಬೆಲೆ ದುಬಾರಿ ಅಂತ ನಾನು ಹೇಳುವುದಿಲ್ಲ. ಒಂದು ಚೂರಿಯ ಹಿಂದೆ ಎಷ್ಟು ಉಜ್ಜುವ ಕೆಲಸ ಇದೆ ಅಂತ ಅಲ್ಲಿ ಕಣ್ಣಾರೆ ಕಂಡೆ. ಆದರೆ ಅದೇ ತಿಳಿವಳಿಕೆ, ಅಷ್ಟೇ ನಿಖರವಾದ ಕಣ್ಣು ಇರುವ ಆಚಾರಿಯ ಹತ್ತಿರ ನಾವು ನೂರು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಅದು ನನಗೆ ಸರಿ ಕಾಣುವುದಿಲ್ಲ.

ಈಗ ಅದೇ ಆಚಾರಿಗೆ ಅಡುಗೆ ಚೂರಿಯೊಂದನ್ನು ಹೇಳಿದ್ದೇನೆ. ಹಳೆಯ ಲಾರಿ ಬೇರಿಂಗಿನ ಉಕ್ಕು, ಬೆನ್ನು ತೆಳು, ಹಿಡಿಗೆ ಪಿನ್ ಬಡಿದ ಹಲಗೆ. ಬೇರಿಂಗ್ ಉಕ್ಕಿನಲ್ಲಿ ಕಾರ್ಬನ್ ಸುಮಾರು ಶೇ. 1 ಇರುವುದರಿಂದ ನೀರಿಗೆ ಅದ್ದಿದರೆ ಬಿರುಕು ಬಿಡಬಹುದು, ಎಣ್ಣೆಯಲ್ಲೇ ಅದ್ದಬೇಕು ಅಂತ ಅವರೇ ಹೇಳಿದರು. ಬೆಲೆಯನ್ನು ಡಿ2 ಚೂರಿಗೆ ಕೊಟ್ಟಷ್ಟೇ ಕೊಡುತ್ತೇನೆ ಅಂದೆ. ಮೊದಲು ಬೇಡ ಅಂದರು, ಆಮೇಲೆ ಹಿಡಿಗೆ ಯಾವ ಮರ ಬೇಕು ಅಂತ ಕೇಳಿದರು. ಬೀಟೆ ಚೂರು ಮನೆಯಲ್ಲೇ ಇದೆ, ತಂದುಕೊಡುತ್ತೇನೆ ಅಂದಿದ್ದೇನೆ.