ಎಂಟನೇ ಜನರೇಷನ್ ಅಂತ ಆರನೆಯದು ಕೊಟ್ಟರು, ತಪ್ಪು ಲಿನಕ್ಸ್‌ದು ಅಂದರು

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ (ಚಿಕ್ಕ ಡಬ್ಬದಂಥ ಕಂಪ್ಯೂಟರ್) ತಗೊಳ್ಳೋಕೆ ಹೊರಟಿರುವವರು ದಯವಿಟ್ಟು ಇದನ್ನು ಓದಿ ಆಮೇಲೆ ಹೋಗಿ. ಅದರಲ್ಲೂ ಮನೆಗೆ ಬಂದ ಕೂಡಲೇ ವಿಂಡೋಸ್ ಅಳಿಸಿ ಲಿನಕ್ಸ್ (ವಿಂಡೋಸ್ ಬದಲಿಗೆ ಹಾಕುವ ಫ್ರೀ ಆಪರೇಟಿಂಗ್ ಸಿಸ್ಟಮ್) ಹಾಕುವವರು ಪೂರ್ತಿ ಓದಿ. ನಮ್ಮಂಥವರ ಅಳತೆಗೇ ಒಂದು ಟೋಪಿ ಹೊಲಿದು ಇಟ್ಟಿದ್ದಾರೆ. ನನಗೆ ಹಾಕಿಯೂ ಆಯ್ತು. 15,500 ರೂಪಾಯಿ.

ದುಡ್ಡು ಹೋದದ್ದು ಒಂದು ಕಡೆ. ಆಮೇಲೆ ಆ ಅಂಗಡಿಯವರು ಕೊಟ್ಟ ಉತ್ತರಗಳಿವೆಯಲ್ಲ, ಅದಕ್ಕೆ ಮೈ ಉರಿಯುತ್ತಿದೆ. ಇದನ್ನು ಟೈಪ್ ಮಾಡುವಾಗಲೂ ಉರಿಯುತ್ತಿದೆ.

ಮನೆಯಲ್ಲಿ ಇರೋ ಒಂದು ಕಂಪ್ಯೂಟರ್ ಹೆಂಡತಿಯ ಆಫೀಸ್ ಕೆಲಸ, ಮಗಳ ಪ್ರಾಜೆಕ್ಟು ಅಂತ ಯಾವಾಗಲೂ ಬಿಜಿ. ನನಗೆ ಬೇಕಾಗಿದ್ದು ಚಿಕ್ಕದೊಂದು ಎರಡನೇ ಡಬ್ಬ. ಅದರಲ್ಲಿ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ, ಟಿವಿ ಪಕ್ಕ ಇಟ್ಟು, ಮನೆಯವರ ಫೋಟೊ-ವಿಡಿಯೊ ಎಲ್ಲ ಒಂದೇ ಕಡೆ ಸೇರಿಸುವುದು. ಮಾನಿಟರ್ ಬೇಡ, ಸದ್ದು ಮಾಡಬಾರದು, ಕರೆಂಟ್ ಜಾಸ್ತಿ ಕುಡಿಯಬಾರದು. ಬಿಡಿ ಬಿಡಿ ಭಾಗ ತಂದು ಜೋಡಿಸೋಣ ಅಂದರೆ ಚಿಕ್ಕ ಮದರ್‌ಬೋರ್ಡ್‌ಗೇ ಕೈ ಸುಡುವ ರೇಟು. ರಾಸ್ಪ್‌ಬೆರಿ ಪೈ 5 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ನೋಡಿದೆ. ಅದಕ್ಕೆ 27 ವ್ಯಾಟ್ ಅಡಾಪ್ಟರ್, ಕೇಸು, ಫ್ಯಾನು, ಎಸ್‌ಎಸ್‌ಡಿ (ಫೈಲ್ ಉಳಿಸುವ ಡ್ರೈವ್) ಹಾಕೋ ಬೋರ್ಡು ಅಂತ ಸೇರಿಸುತ್ತಾ ಹೋದರೆ ಅದೂ ಅಲ್ಲೇ ಬಂದು ನಿಲ್ಲುತ್ತದೆ. ಹಾಗಾಗಿ ಆಫೀಸುಗಳಿಂದ ಹೊರಬಿದ್ದ ಮಿನಿ ಪಿಸಿಯೇ ಸರಿ ಅನ್ನಿಸಿತು.

ಈಗ ಅವು ರಾಶಿ ರಾಶಿ ಸಿಗುತ್ತಿವೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಪೋರ್ಟ್ ಮುಗಿಯಿತು. ವಿಂಡೋಸ್ 11 ಬೇಕಂದರೆ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಷನ್‌ನಿಂದ ಮೇಲೆ ಇರಬೇಕು. ಅದಕ್ಕೇ ಕಂಪನಿಗಳು ಆರು, ಏಳನೇ ಜನರೇಷನ್ ಡಬ್ಬಗಳನ್ನು ಲಾಟ್‌ಗಟ್ಟಲೆ ಆಚೆ ಹಾಕುತ್ತಿವೆ. ಆರನೆಯದು ಅಗ್ಗ, ಎಂಟನೆಯದಕ್ಕೆ ಇನ್ನೂ ಬೆಲೆ ಇದೆ. ಮೋಸ ನಡೆಯೋದೇ ಈ ವ್ಯತ್ಯಾಸದಲ್ಲಿ.

ಅಂಗಡಿ ಹೆಸರು ಹಾಕುವುದಿಲ್ಲ, ದೂರು ನಡೆಯುತ್ತಿದೆ. ಮಹಡಿ ಮೇಲೆ, ಕಡಿದಾದ ಮೆಟ್ಟಿಲು, ಎರಡೂ ಕಡೆ ಹಳೇ ಮಾನಿಟರ್ ಪೇರಿಸಿಟ್ಟ ಅಂಗಡಿ. ಅಲ್ಲಿ ಅಂಥವು ಬೇಕಾದಷ್ಟಿವೆ ಬಿಡಿ.

ನಾನು ಕೇಳಿದ್ದು ಡೆಲ್ ಆಪ್ಟಿಪ್ಲೆಕ್ಸ್ 7060 ಮೈಕ್ರೊ, ಐ5-8500ಟಿ ಪ್ರೊಸೆಸರ್ (ನಂಬರಿನ ಮೊದಲ 8 ಅಂದರೆ ಎಂಟನೇ ಜನರೇಷನ್), 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ಎಂಟನೆಯದೇ ಯಾಕೆ ಅಂದರೆ ಕಾರಣ ಇದೆ. ತಂಗಿಯ ಐಫೋನ್‌ನಲ್ಲಿ ತೆಗೆದ ಮದುವೆ ವಿಡಿಯೊಗಳೆಲ್ಲ 10 ಬಿಟ್ ಎಚ್‌ಇವಿಸಿ, ಅಂದರೆ ಕುಗ್ಗಿಸಿಟ್ಟ ಒಂದು ಬಗೆಯ ವಿಡಿಯೊ. ಆರನೇ ಜನರೇಷನ್ನಿನ ಗ್ರಾಫಿಕ್ಸ್‌ಗೆ ಅದನ್ನು ಹಾರ್ಡ್‌ವೇರ್‌ನಲ್ಲಿ ಬಿಚ್ಚಲು ಬರಲ್ಲ, 8 ಬಿಟ್‌ಗೆ ಮಾತ್ರ ಬರುತ್ತದೆ. ಎಂಟನೆಯದಕ್ಕೆ ಎರಡೂ ಬರುತ್ತದೆ. ಇದನ್ನೆಲ್ಲ ಅಂಗಡಿಯಲ್ಲಿದ್ದ ಹುಡುಗ ಮಹಾಶಯನಿಗೆ ಬಿಡಿಸಿ ಹೇಳಿದ್ದೆ. "ಗೊತ್ತು ಸರ್, ಗೊತ್ತು ಸರ್" ಅಂತ ತಲೆ ಆಡಿಸಿದ.

ಡಬ್ಬ ತಂದು ಆನ್ ಮಾಡಿದ. ವಿಂಡೋಸ್ 11 ಬಂತು. ಕಂಪ್ಯೂಟರಿನ ವಿವರ ತೋರಿಸುವ ಸಿಸ್ಟಮ್ ಪೇಜ್ ಅವನೇ ತೆರೆದು ತೋರಿಸಿದ. ಕೋರ್ ಐ5-8500ಟಿ ಅಂತ ದಪ್ಪಗೆ ಕಾಣುತ್ತಿದೆ. ನಾನು ಜೇಬಿನಿಂದ ಲಿನಕ್ಸ್ ಮಿಂಟ್ ಹಾಕಿದ ಪೆನ್‌ಡ್ರೈವ್ ತೆಗೆದು, ಇದರಲ್ಲಿ ಒಂದು ಸಲ ಬೂಟ್ ಮಾಡಿ ನೋಡ್ತೀನಿ ಅಂದೆ.

"ಹೊರಗಿನ ಪೆನ್‌ಡ್ರೈವ್ ಹಾಕಂಗಿಲ್ಲ ಸರ್. ವೈರಸ್ ಬರುತ್ತೆ. ಓನರ್ ಬಯ್ತಾರೆ."

ವೈರಸ್! ಲಿನಕ್ಸ್ ಪೆನ್‌ಡ್ರೈವ್‌ನಿಂದ!

"ವಿಂಡೋಸ್ 11 ಓಡ್ತಿದೆ ನೋಡಿ ಸರ್. ಎಂಟನೇ ಜನರೇಷನ್ ಅಲ್ದೇ ಇದ್ರೆ ಓಡುತ್ತಾ? ನೀವೇ ಹೇಳಿ, ನಿಮಗೆ ಗೊತ್ತಿರೋದೇ ಅಲ್ವಾ?" ಅಂದ. ಅಡ್ಡದಾರಿಯಲ್ಲಿ ಹಳೇ ಪ್ರೊಸೆಸರ್ ಮೇಲೂ 11 ಹಾಕಬಹುದು ಅಂತ ನನಗೂ ಗೊತ್ತು, ಅವನಿಗೂ ಗೊತ್ತು. ಆದರೆ ಕಣ್ಣೆದುರು ಸ್ಕ್ರೀನ್ ಮೇಲೆ ಪ್ರೊಸೆಸರ್ ಹೆಸರೇ ಇದೆಯಲ್ಲ. ಆ ಪೇಜಿನದೊಂದು ಫೋಟೊ ತೆಗೆದುಕೊಂಡೆ. ಈಗ ಕೈಯಲ್ಲಿ ಉಳಿದಿರುವ ಒಳ್ಳೆ ಸಾಕ್ಷಿ ಅಂದರೆ ಅದೇ.

ಬಿಲ್ ಕೇಳಿದೆ. ಜಿಎಸ್‌ಟಿ ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಾಸ್ತಿ ಆಗುತ್ತೆ ಅಂದ. ಕೊಟ್ಟದ್ದು ಎಸ್ಟಿಮೇಟ್ ಚೀಟಿ. "ಮಿನಿ ಐ5 16/512, ವಾರಂಟಿ 3 ತಿಂಗಳು." ಯಾವ ಜನರೇಷನ್, ಯಾವ ಮಾಡೆಲ್, ಒಂದಕ್ಷರ ಇಲ್ಲ. ಬರೆದುಕೊಡಿ ಅಂದರೆ, "ಅದೆಲ್ಲ ಬರೆಯಲ್ಲ ಸರ್, ಎಲ್ಲರಿಗೂ ಹೀಗೇ ಕೊಡೋದು." ಯುಪಿಐ ಸ್ಕ್ಯಾನ್ ಮಾಡಿದರೆ ಬಂದದ್ದು ಯಾರದೋ ಸ್ವಂತ ಹೆಸರು, ಅಂಗಡಿಯದಲ್ಲ.

ಮನೆಗೆ ಬಂದೆ. ಆನ್ ಮಾಡಿದ ಕೂಡಲೇ ಎಚ್ಚರಿಕೆ: ಅಡಾಪ್ಟರ್ ಯಾವುದು ಅಂತ ಗೊತ್ತಾಗುತ್ತಿಲ್ಲ, ಮುಂದೆ ಹೋಗಬೇಕಾದರೆ ಕೀ ಒತ್ತಿ. ತಿರುಗಿಸಿ ನೋಡಿದರೆ ಅಡಾಪ್ಟರ್ ಡೂಪ್ಲಿಕೇಟ್. ಡೆಲ್ ಡಬ್ಬಗಳಿಗೆ ಅವರದೇ ಅಡಾಪ್ಟರ್ ಇಲ್ಲದಿದ್ದರೆ ಪ್ರೊಸೆಸರ್ ವೇಗವನ್ನೇ ಇಳಿಸಿಬಿಡುತ್ತವೆ. ಫೋನ್ ಮಾಡಿದೆ. "ಕೀ ಒತ್ತಿ ಮುಂದೆ ಹೋಗಿ ಸರ್, ಏನಾಗಲ್ಲ." ರೀ, ಮಾನಿಟರ್ ಕೀಬೋರ್ಡ್ ಇಲ್ಲದೆ ಮೂಲೆಯಲ್ಲಿ ಇಡೋ ಕಂಪ್ಯೂಟರ್ ಇದು. ಕರೆಂಟ್ ಹೋಗಿ ಬಂದಾಗಲೆಲ್ಲ ಕೀ ಒತ್ತೋಕೆ ನಾನು ಆಫೀಸ್ ಬಿಟ್ಟು ಬರಬೇಕಾ? "ಯುಪಿಎಸ್ ಹಾಕಿ ಸರ್."

ಸರಿ, ಅಡಾಪ್ಟರ್ ಆಮೇಲೆ ನೋಡೋಣ ಅಂತ ವಿಂಡೋಸ್ ಅಳಿಸಿ ಡೆಬಿಯನ್ ಹಾಕಿದೆ. ಎಲ್ಲ ಸಲೀಸಾಗಿ ಆಯ್ತು. ಮದುವೆ ವಿಡಿಯೊ ಕಾಪಿ ಮಾಡಿ ಹಚ್ಚಿದೆ. ತಂಗಿ, ಭಾವ ಎಲ್ಲ ಬಂದಿದ್ದರು, ಸೋಫಾ ಮೇಲೆ ಕಾಫಿ ಹಿಡಿದು ಕೂತಿದ್ದಾರೆ. ಧಾರೆ ಎರೆಯೋ ಹೊತ್ತಿಗೆ ಚಿತ್ರ ನಿಂತು ನಿಂತು ಹೋಗುತ್ತಿದೆ. ವಾಲಗದ ಸದ್ದು ಮುಂದೆ ಹೋಯ್ತು, ಭಾವ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದಾರೆ. ಫ್ಯಾನ್ ಕಿರುಚುತ್ತಿದೆ.

"ಹೊಸದಾಗಿ ತಂದಿದ್ದು ಅಂದ್ಯಲ್ಲೋ?" ಅಂದರು ಭಾವ.

ಟರ್ಮಿನಲ್ ತೆರೆದು, ಪ್ರೊಸೆಸರ್ ವಿವರ ಹೇಳುವ ಎಲ್‌ಎಸ್‌ಸಿಪಿಯು ಕಮಾಂಡ್ ಟೈಪ್ ಮಾಡಿದೆ. ಮಾಡೆಲ್ ನೇಮ್: ಕೋರ್ ಐ5-6500ಟಿ, 2.50 ಗಿಗಾಹರ್ಟ್ಸ್. ನಾಲ್ಕು ಕೋರ್. 8500ಟಿಯಲ್ಲಿ ಆರು ಇರಬೇಕು. ಕಣ್ಣುಜ್ಜಿ ಮತ್ತೆ ನೋಡಿದೆ. ಆರು ಸಾವಿರದ ಐನೂರು. ಡಿಎಂಐಡಿಕೋಡ್ ಅನ್ನೋ ಇನ್ನೊಂದು ಕಮಾಂಡ್‌ನಲ್ಲಿ ಡಬ್ಬದ ಮಾಡೆಲ್ ನೋಡಿದರೆ ಆಪ್ಟಿಪ್ಲೆಕ್ಸ್ 7050. 7060 ಅಂದಿದ್ದೂ ಸುಳ್ಳು. ಡ್ರೈವ್ ಎಷ್ಟು ಓಡಿದೆ ಅಂತ ಹೇಳುವ ಸ್ಮಾರ್ಟ್‌ಸಿಟಿಎಲ್ ಕಮಾಂಡ್ ಹಾಕಿ ಎಸ್‌ಎಸ್‌ಡಿ ನೋಡಿದೆ. "ಹೊಚ್ಚ ಹೊಸದು ಸರ್" ಅಂದಿದ್ದ ಎಸ್‌ಎಸ್‌ಡಿ ಸಾವಿರಾರು ಗಂಟೆ ಓಡಿ ಬಂದಿದೆ. ಡಬ್ಬದ ಮೇಲೆ ಸರ್ವಿಸ್ ಟ್ಯಾಗ್ (ಪ್ರತಿ ಡಬ್ಬಕ್ಕೂ ಡೆಲ್ ಕೊಡುವ ಗುರುತಿನ ನಂಬರ್) ಚೀಟಿ ಇರಬೇಕಾದ ಜಾಗದಲ್ಲಿ ಬ್ಲೇಡಿನಿಂದ ಕೆರೆದ ಗುರುತು, ಅದರ ಮೇಲೆ ಕಪ್ಪು ಮಾರ್ಕರ್ ಬಳಿದಿದ್ದಾರೆ. ಉಗುರಿನಲ್ಲಿ ಕೆರೆದರೆ ಬೆರಳಿಗೆ ಮಸಿ ಹತ್ತುತ್ತದೆ.

ಹೆಂಡತಿ ಮೆಲ್ಲಗೆ, "ರೀ, ಎಲ್ಲರಿಗೂ ಕಂಪ್ಯೂಟರ್ ಆರಿಸಿ ಕೊಡೋರು ನೀವೇ ಅಲ್ವಾ?" ಅಂದಳು. ಭಾವನ ಎದುರಿಗೇ. ನಾನೇನು ಹೇಳಲಿ?

ಆಮೇಲೆ ಅಂಗಡಿಯಲ್ಲಿ ತೆಗೆದಿದ್ದ ಆ ಫೋಟೊ ದೊಡ್ಡದು ಮಾಡಿ ನೋಡಿದೆ. ಇದನ್ನು ಎಲ್ಲರೂ ಗಮನಿಸಿ. ವಿಂಡೋಸ್ ಸಿಸ್ಟಮ್ ಪೇಜಿನಲ್ಲಿ ಪ್ರೊಸೆಸರ್ ಹೆಸರಿನ ಕೊನೆಯಲ್ಲಿ ಒಂದು ವೇಗ ಇರುತ್ತದೆ, ಅದರ ಪಕ್ಕದಲ್ಲಿ ಬೇರೆಯಾಗಿ ಇನ್ನೊಂದು. ನನ್ನ ಫೋಟೊದಲ್ಲಿ ಹೆಸರಿನ ಜೊತೆ 2.10 ಇದೆ, ಅದು 8500ಟಿಯ ವೇಗ. ಪಕ್ಕದಲ್ಲಿ 2.50 ಇದೆ, ಅದು 6500ಟಿಯ ವೇಗ. ಹೆಸರು ಬದಲಾಯಿಸಿದವರು ಪಕ್ಕದ ಅಂಕಿ ಮರೆತಿದ್ದಾರೆ. ಹೆಸರು ಅನ್ನೋದು ವಿಂಡೋಸ್ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ವಿವರಗಳನ್ನು ಬರೆದಿಡುವ ಜಾಗ) ಒಂದು ಸಾಲು ಅಷ್ಟೇ, ಏನು ಬೇಕಾದರೂ ಬರೆಯಬಹುದು. ಪ್ರತಿ ಸಲ ಆನ್ ಆದಾಗ ವಿಂಡೋಸ್ ಅಸಲಿ ಹೆಸರನ್ನೇ ಬರೆದುಕೊಳ್ಳುತ್ತದೆ. ಅದಕ್ಕೆ ಶುರುವಾದ ತಕ್ಷಣ ತಾನಾಗೇ ಓಡಿ ಹೆಸರು ತಿದ್ದುವ ಸಣ್ಣ ಫೈಲ್ ಒಂದನ್ನು ಒಳಗೆ ಕೂರಿಸಿದರೆ ಮುಗಿಯಿತು. ಲಿನಕ್ಸ್ ನೇರ ಪ್ರೊಸೆಸರನ್ನೇ ಕೇಳುತ್ತದೆ. ಪೆನ್‌ಡ್ರೈವ್ ಯಾಕೆ ಬೇಡ ಅಂದ ಅಂತ ಈಗ ಗೊತ್ತಾಯ್ತಲ್ಲ.

ಇನ್ನು ಅವರ ಉತ್ತರಗಳು. ಲಿನಕ್ಸ್ ತೋರಿಸಿದ್ದರ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿದೆ.

"ಸರ್ ಲಿನಕ್ಸ್‌ನಲ್ಲಿ ಹಂಗೇ ತೋರ್ಸುತ್ತೆ. ವಿಂಡೋಸ್ ಹಾಕಿ ನೋಡಿ."

ನಾನು: ಲಿನಕ್ಸ್ ಯಾಕ್ರೀ ಸುಳ್ಳು ತೋರಿಸುತ್ತೆ?

"ಫ್ರೀ ಸಾಫ್ಟ್‌ವೇರ್ ಅಲ್ವಾ ಸರ್."

ಇದನ್ನು ಓದಿ ನನಗೆ ನಗಬೇಕೋ ಫೋನ್ ಎತ್ತಿ ಬಿಸಾಡಬೇಕೋ ತಿಳಿಯಲಿಲ್ಲ. ಫ್ರೀ ಸಾಫ್ಟ್‌ವೇರ್ ಅಂತೆ, ಅದಕ್ಕೇ ಪ್ರೊಸೆಸರ್ ಹೆಸರು ತಪ್ಪು ಹೇಳುತ್ತದಂತೆ! ನಾನು ಇನ್ನೊಂದು ಮೆಸೇಜ್ ಬರೆಯುವಷ್ಟರಲ್ಲಿ: "ವಿಂಡೋಸ್ ಅಳಿಸಿದ್ರೆ ವಾರಂಟಿ ಹೋಯ್ತು ಸರ್. ನಾವು ಕೊಟ್ಟಾಗ ಎಂಟನೇ ಜನರೇಷನ್ ಇತ್ತು. ನೀವೇ ನೋಡಿದ್ದೀರಿ, ಫೋಟೊ ಬೇರೆ ತಗೊಂಡಿದ್ದೀರಿ."

ನನ್ನ ಫೋಟೊವನ್ನೇ ನನಗೆ ತಿರುಗಿಸಿ ಹೊಡೆದರು.

ಡಬ್ಬ ಹೊತ್ತುಕೊಂಡು ಹೋದೆ. ಅದೇ ಹುಡುಗ, ಪಕ್ಕದಲ್ಲಿ ಈ ಸಲ ಓನರ್. ಲಿನಕ್ಸ್ ಬೇಡ, ವಿಂಡೋಸೂ ಬೇಡ ಅಂತ ಎಫ್2 ಒತ್ತಿ ಬಯೋಸ್‌ಗೇ (ಬೋರ್ಡಿನಲ್ಲೇ ಇರುವ, ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಮ್) ಹೋದೆ. ಬಯೋಸ್ ಡೆಲ್‌ನವರದು, ಅದಕ್ಕೆ ಯಾವ ಸಾಫ್ಟ್‌ವೇರ್ ನೆಪವೂ ಇಲ್ಲ. ಅಲ್ಲೂ 6500ಟಿ. ಈಗ ಏನು ಹೇಳ್ತೀರಿ ಅಂದೆ. ಓನರ್ ಕನ್ನಡಕ ಏರಿಸಿ ನೋಡಿದರು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳು ನಿಂತಿದ್ದಾರೆ.

"ಬಯೋಸ್ ಅಪ್‌ಡೇಟ್ ಆಗಿಲ್ಲ ಸರ್. ಅದಕ್ಕೆ ಹಳೇ ಹೆಸರು ತೋರಿಸ್ತಿದೆ."

ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಹಳೇ ಹೆಸರಂತೆ! ಮದುವೆಯಾದ ಮೇಲೆ ಪ್ರೊಸೆಸರ್ ಹೆಸರು ಬದಲಾಯಿಸಿಕೊಂಡಿದೆ ನೋಡಿ!

ನಾನು ಜೋರು ಮಾಡಿದೆ. ಹೌದು, ಜೋರು ಮಾಡಿದೆ. ಗಿರಾಕಿಗಳಲ್ಲಿ ಒಬ್ಬರು ಮೆಲ್ಲಗೆ ಮೆಟ್ಟಿಲಿಳಿದು ಹೋದರು. ಆಗ ಓನರ್ ದನಿ ಇಳಿಸಿ, "ಬೇಜಾರ್ ಮಾಡ್ಕೋಬೇಡಿ, 3,000 ಕೊಡಿ, ಇದಕ್ಕೇ 8500 ಪ್ರೊಸೆಸರ್ ಹಾಕಿಸಿ ಕೊಡ್ತೀನಿ" ಅಂದರು. ಅಂದರೆ ಇದರಲ್ಲಿ ಇಲ್ಲ ಅಂತ ಒಪ್ಪಿಕೊಂಡ ಹಾಗಾಯ್ತಲ್ಲ? ಅದಿರಲಿ, ಇನ್ನೊಂದು ಟೋಪಿ ನೋಡಿ. ಆರನೇ ಮತ್ತು ಎಂಟನೇ ಜನರೇಷನ್‌ಗೆ ಸಾಕೆಟ್ (ಪ್ರೊಸೆಸರ್ ಕೂರಿಸುವ ಜಾಗ) ಹೆಸರು ಒಂದೇ, ಎಲ್‌ಜಿಎ 1151. ಆದರೆ 7050ರ ಬೋರ್ಡಿನ ಚಿಪ್‌ಸೆಟ್‌ನಲ್ಲಿ (ಪ್ರೊಸೆಸರ್ ಜೊತೆ ಕೆಲಸ ಮಾಡುವ ಚಿಪ್) ಎಂಟನೆಯದಕ್ಕೆ ಸಪೋರ್ಟೇ ಇಲ್ಲ. ಓಡಲ್ಲ ಅಂದೆ. "ನಮ್ಮ ಇಂಜಿನಿಯರ್ ಓಡಿಸ್ತಾರೆ" ಅಂದರು.

ದುಡ್ಡು ವಾಪಸ್ ಕೊಡಿ ಅಂದೆ. ವಾಪಸ್ ಇಲ್ಲ, ಎಕ್ಸ್‌ಚೇಂಜ್ ಮಾತ್ರ, ಈ ಡಬ್ಬಕ್ಕೆ 5,000 ಹಿಡೀತೀವಿ ಅಂದರು. ಅವರೇ ಕೊಟ್ಟ ಡಬ್ಬ! ಹುಡುಗ ಬೇರೆ, "ಲಿನಕ್ಸ್‌ಗೆ ಇಷ್ಟು ಸಾಕಲ್ವಾ ಸರ್? ಅದು ಹಳೇ ಕಂಪ್ಯೂಟರಲ್ಲೂ ಓಡುತ್ತಲ್ಲ" ಅಂದ.

ಅಲ್ಲೇ ನನ್ನ ತಲೆ ಕೆಟ್ಟಿದ್ದು. ಅವನು ಹೇಳಿದ್ದು ನಿಜವೇ. 6500ಟಿ ಕೆಟ್ಟ ಪ್ರೊಸೆಸರ್ ಅಲ್ಲ. ಡೆಬಿಯನ್‌ಗೆ, ಫೈಲ್ ಇಡೋಕೆ, ಮಗಳಿಗೆ ಪೈಥಾನ್ ಕಲಿಸೋಕೆ ಧಾರಾಳ ಸಾಕು. ಆರನೆಯದು ಅಂತ ಹೇಳಿ ಆರನೆಯದರ ರೇಟಿಗೆ ಕೊಟ್ಟಿದ್ದರೆ, ವಿಡಿಯೊ ವಿಷಯ ಬಿಟ್ಟು, ತಗೊಂಡೇ ಬರುತ್ತಿದ್ದೆನೇನೋ. ಅದೇ ಸಾಲಿನಲ್ಲಿ ಇನ್ನೊಂದು ಅಂಗಡಿಯವರು 6500ಟಿ ಅಂತ ಬಾಯಿಬಿಟ್ಟು ಹೇಳಿ, ಅಷ್ಟೇ ರ್‍ಯಾಮ್ ಹಾಕಿ 9,000 ಅಂದಿದ್ದರು. ಮರ್ಯಾದಸ್ಥರು. ಅವರನ್ನು ಬಿಟ್ಟು ಈ ಮೆಟ್ಟಿಲು ಹತ್ತಿದ್ದು ಎಂಟನೆಯದು ಬೇಕು ಅಂತಲೇ.

ಈಗ ಫೋನ್ ಎತ್ತುವುದಿಲ್ಲ. ಒಂದು ಸಲ "ಔಟ್ ಆಫ್ ಸ್ಟೇಷನ್ ಸರ್" ಅಂತ ಬಂತು, ಹಿಂದೆ ಅದೇ ಎಸ್.ಪಿ. ರೋಡಿನ ಗೂಡ್ಸ್ ಆಟೊ ಹಾರ್ನು ಕೇಳಿಸುತ್ತಿತ್ತು. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎಸ್ಟಿಮೇಟ್ ಚೀಟಿ, ಯುಪಿಐ ದಾಖಲೆ, ಆ ಫೋಟೊ, ವಾಟ್ಸಾಪ್ ಮಾತುಕತೆ ಎಲ್ಲ ಇಟ್ಟುಕೊಂಡಿದ್ದೇನೆ. ಇಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಫೀ ಇಲ್ಲ. ಹಟಕ್ಕೆ ಬಿದ್ದಿದ್ದೇನೆ, ನಿಜ.

ನೀವು ಹೋಗುವುದಾದರೆ ಲಿನಕ್ಸ್ ನೇರವಾಗಿ ಬೂಟ್ ಆಗುವ ಲೈವ್ ಪೆನ್‌ಡ್ರೈವ್ ತಗೊಂಡು ಹೋಗಿ. ಬೇಡ ಅಂದರೆ ಅಲ್ಲಿಂದಲೇ ಎದ್ದು ಬನ್ನಿ, ಚಹಾ ಕೊಟ್ಟರೂ ಕೂರಬೇಡಿ. ಕನಿಷ್ಠ ಎಫ್2 ಒತ್ತಿ ಬಯೋಸ್ ನೋಡಿ, ಸರ್ವಿಸ್ ಟ್ಯಾಗ್ ಅಲ್ಲೇ ಇರುತ್ತದೆ. ಡೆಲ್ ಸೈಟಿನಲ್ಲಿ ಹಾಕಿದರೆ ಯಾವ ಮಾಡೆಲ್ ಅಂತ ಹೇಳಿಬಿಡುತ್ತದೆ. ಬಿಲ್ ಮೇಲೆ ಪ್ರೊಸೆಸರ್ ನಂಬರ್ ಪೂರ್ತಿ ಬರೆಸಿ, "ಐ5" ಅಂತ ಬರೆದರೆ ಒಪ್ಪಬೇಡಿ. ಚೀಟಿ ಕೆರೆದಿರೋ ಡಬ್ಬ ಮುಟ್ಟಲೇಬೇಡಿ. ಅಸಲಿ ಅಡಾಪ್ಟರ್ ಕೇಳಿ. ಆ "ಗೊತ್ತು ಸರ್, ಗೊತ್ತು ಸರ್" ಅನ್ನೋರನ್ನು ನಂಬಬೇಡಿ.

ನನ್ನ ನಂಬರ್ ಇನ್ನೂ ಅವರ ಲಿಸ್ಟಿನಲ್ಲಿದೆ ಅಂತ ಕಾಣುತ್ತೆ. ನಿನ್ನೆ ಅದೇ ವಾಟ್ಸಾಪ್‌ನಿಂದ ಎಲ್ಲರಿಗೂ ಕಳಿಸೋ ಥರದ ಮೆಸೇಜ್ ಬಂತು: ಎಂಟನೇ ಜನರೇಷನ್ ಮಿನಿ ಪಿಸಿ, ಹೊಸ ಲಾಟ್, ಸ್ವಲ್ಪವೇ ಸ್ಟಾಕ್ ಇದೆ, ಬೇಗ ಬನ್ನಿ. ಜೊತೆಗೆ ಸಿಸ್ಟಮ್ ಪೇಜಿನ ಫೋಟೊ. ದೊಡ್ಡದು ಮಾಡಿ ನೋಡಿದೆ. ಹೆಸರಿನ ಜೊತೆ 2.10, ಪಕ್ಕದಲ್ಲಿ 2.50. ತಿದ್ದುವ ಗೋಜಿಗೂ ಹೋಗಿಲ್ಲ. ಸ್ಕ್ರೀನ್‌ಶಾಟ್ ತೆಗೆದು ದೂರಿಗೆ ಸೇರಿಸಿದ್ದೇನೆ. ನಿಮಗೂ ಇಂಥ ಮೆಸೇಜ್ ಬಂದಿದ್ದರೆ ಅಳಿಸಬೇಡಿ, ನನಗೆ ಕಳಿಸಿ.