ಹಕ್ಕಿ ಓಡಿಸೋದಕ್ಕಿಂತ ಹಣ್ಣು ಮುಚ್ಚೋದೇ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ದಾರ ಎಳೆದು ಬಿಗಿಯುವ ಬಟ್ಟೆ ಚೀಲಕ್ಕೆ. ಬಲೆ, ಮಿನುಗು ಪಟ್ಟಿ, ಯಂತ್ರ, ಬೆರ್ಚಪ್ಪ ಎಲ್ಲವನ್ನೂ ಅಂಕೋಲೆಯ ನಮ್ಮ ಹಿತ್ತಲಲ್ಲಿ ಹಾಕಿ ನೋಡಿಯಾಗಿದೆ. ಹಿತ್ತಲೆಂದರೆ ಭಾರೀ ತೋಟವೇನಲ್ಲ. ಎರಡು ಪೇರಲೆ, ಒಂದು ಚಿಕ್ಕು, ನಿಂತಲ್ಲೇ ಕೈಗೆಟಕುವ ಕಸಿ ಕರಿ ಈಶಾಡ ಮಾವು, ಸಾಲಾಗಿ ನಾಲ್ಕು ಪಪ್ಪಾಯಿ, ಬೇಲಿಗೆ ಹಬ್ಬಿದ ಹೀರೆ, ಒಂದೆರಡು ಮಡಿ ಹರಿವೆ. ತಿನ್ನಲು ಬರುವವರ ಪಟ್ಟಿಯೇ ಇದಕ್ಕಿಂತ ಉದ್ದ: ಗಿಳಿ, ಪಿಕಳಾರ, ಕುಟ್ರ, ಕೋಗಿಲೆ, ಕಾಗೆ. ರಾತ್ರಿ ಪಾಳಿಗೆ ಬಾವಲಿ ಬೇರೆ.

ಹಕ್ಕಿಗೆ ಪೆಟ್ಟಾಗುವ ಯಾವುದೂ ಬೇಡ ಅನ್ನುವುದು ನಮ್ಮನೆಯ ಕಟ್ಟಳೆ. ಅಂಟು, ಉರುಳು, ಕವಣೆಕಲ್ಲು ಹತ್ತಿರಕ್ಕೂ ಸೇರಿಸುವುದಿಲ್ಲ. 1972ರ ವನ್ಯಜೀವಿ ಕಾಯಿದೆ ಇರುವುದು ಹೌದು, ಆದರೆ ನನ್ನ ಕಾರಣ ಅಷ್ಟು ದೊಡ್ಡದಲ್ಲ. ಬೆಳಿಗ್ಗೆ ಪೇರಲೆ ಕುಕ್ಕುವ ಪಿಕಳಾರವೇ ಹತ್ತು ಗಂಟೆಗೆ ಹರಿವೆ ಮಡಿಯಿಂದ ಹಸಿರು ಹುಳ ಎತ್ತಿಕೊಂಡು ಹೋಗಿ ಮರಿಗೆ ಕೊಡುತ್ತದೆ. ಅದು ಬರಲಿ, ಹುಳ ತಿನ್ನಲಿ. ಹಣ್ಣು ಮಾತ್ರ ನಮಗೆ ಉಳಿಯಲಿ. ಗಿಳಿ ಮೇಲೆ ಸ್ವಲ್ಪ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ಒಂದು ಹಣ್ಣನ್ನು ಪೂರ್ತಿ ತಿಂದರೆ ಬೇಡ ಅನ್ನುತ್ತಿರಲಿಲ್ಲ. ಒಂದು ಕಚ್ಚಿ ಬೀಳಿಸಿ ಮುಂದಿನದಕ್ಕೆ ಕೊಕ್ಕು ಹಾಕುತ್ತದಲ್ಲ, ಅದಕ್ಕೆ.

ಯಂತ್ರದ ಕತೆ ಚಿಕ್ಕದು. ಆನ್‌ಲೈನಿನಲ್ಲಿ ತರಿಸಿದ್ದು, ಬಿಸಿಲಲ್ಲಿ ಚಾರ್ಜ್ ಆಗುತ್ತದೆ. ಮನುಷ್ಯರಿಗೆ ಕೇಳದ ಶಬ್ದ ಹೊರಡಿಸಿ ಹಕ್ಕಿ ಓಡಿಸುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಮ್ಮ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಸ್ ತನಕ ಕೇಳುತ್ತದೆ. ಬಹುಪಾಲು ಹಕ್ಕಿಗಳಿಗೆ 10,000 ದಾಟಿದ ಮೇಲೆ ಏನೂ ಕೇಳಿಸದು. ನಮಗೇ ಕೇಳದ್ದು ಅವಕ್ಕೆಲ್ಲಿಂದ ಕೇಳಬೇಕು? ಪಿಕಳಾರ ಅದರ ನೆತ್ತಿಯ ಮೇಲೆ ಕೂತು ರೆಕ್ಕೆ ಕೊಡವಿಕೊಂಡಿತು. ಅದನ್ನು ವಾಪಸ್ ಕಳಿಸಿದೆ.

ಮೆಣಸಿನ ನೀರು ಸಿಂಪಡಿಸಿ ಎನ್ನುವವರೂ ಇದ್ದಾರೆ. ಖಾರ ನಾಲಿಗೆ ಸುಡುವುದು ನಮಗೆ, ಇಲಿಗೆ, ಅಳಿಲಿಗೆ, ಹಕ್ಕಿಗಲ್ಲ. ಈ ಕಡೆಯ ಬೇಲಿಗಳಲ್ಲಿ ಯಾರೂ ನೆಡದ ಸೂಜಿಮೆಣಸಿನ ಗಿಡ ಎದ್ದಿರುತ್ತದಲ್ಲ, ಹಕ್ಕಿ ತಿಂದು ಹಿಕ್ಕೆ ಹಾಕಿದ ಬೀಜ ಅದು. ಬೆರ್ಚಪ್ಪನ ಬಗ್ಗೆ ಒಂದೇ ಸಾಲು: ಕಾಗೆ ಅವನ ಹೆಗಲ ಮೇಲೆ ಕೂತು ಕೂಗುವುದನ್ನು ನೋಡಿದ ಮೇಲೆ ಅಂಗಿಯನ್ನು ತೆಗೆದು ನೆಲ ಒರೆಸಲು ಇಟ್ಟುಕೊಂಡೆ.

ಇನ್ನು ಮಿನುಗು ಪಟ್ಟಿ. ಒಂದು ಬದಿ ಕೆಂಪು, ಒಂದು ಬದಿ ಬೆಳ್ಳಿ, ಗದ್ದೆಗಳಲ್ಲೂ ಕಟ್ಟಿರುತ್ತಾರೆ. ಬೆಲೆ ಕಡಿಮೆ, ಕಟ್ಟುವುದು ಸುಲಭ, ಹಕ್ಕಿಗೆ ಒಂದು ಗೀರೂ ಆಗದು. ಇದರ ಮೇಲೆ ನನಗೆ ಬಹಳ ಆಸೆ ಇತ್ತು. ಗಿಡದಿಂದ ಗಿಡಕ್ಕೆ ಎರಡು ಸುತ್ತು ತಿರುಚಿ ಕಟ್ಟಿದ ಮೊದಲ ವಾರ ಗಿಳಿಗಳು ಮೇಲಿಂದಲೇ ಕಿರುಚಿ ಮುಂದೆ ಹೋದವು. ಆಮೇಲೆ ಶುರುವಾಯಿತು ತಾಪತ್ರಯ.

ಕಡಲಬದಿಯ ಗಾಳಿಗೆ ತನ್ನದೇ ವೇಳೆ ಉಂಟು. ಬೆಳಗಾಗುವಾಗ ಎಲೆ ಅಲ್ಲಾಡುವುದಿಲ್ಲ. ನೆಲ ಕಾದ ಮೇಲೆ, ಹತ್ತು ಹನ್ನೊಂದರ ಸುಮಾರಿಗೆ ಕಡಲ ಕಡೆಯಿಂದ ಗಾಳಿ ಎದ್ದು ಮಧ್ಯಾಹ್ನದ ಹೊತ್ತಿಗೆ ಜೋರಾಗುತ್ತದೆ. ಹಕ್ಕಿಗಳ ಊಟದ ವೇಳೆಯೋ ತದ್ವಿರುದ್ಧ. ಅವು ಬರುವುದು ಬೆಳಕು ಹರಿಯುವಾಗ, ಹಸಿದ ಹೊಟ್ಟೆಯಲ್ಲಿ. ಪಟ್ಟಿ ಮಿನುಗಬೇಕಾದರೆ ಗಾಳಿಯೂ ಬೇಕು, ಬಿಸಿಲೂ ಬೇಕು. ಬೇಕಾದ ಹೊತ್ತಿನಲ್ಲಿ ಎರಡೂ ಇಲ್ಲ. ಬೆಳಗಿನ ಆರೂವರೆಗೆ ನೋಡಿದರೆ ಪಟ್ಟಿ ಒಣಹಾಕಿದ ಲಾಡಿಯಂತೆ ಜೋತಿರುತ್ತಿತ್ತು, ಅದರ ಪಕ್ಕದಲ್ಲೇ ಕುಟ್ರ ಪೇರಲೆಗೆ ತೂತು ಕೊರೆಯುತ್ತಿತ್ತು.

ಹಕ್ಕಿಗಳೆಲ್ಲ ನೆರಳು ಹುಡುಕಿ ಕೂತ ಮಧ್ಯಾಹ್ನದಲ್ಲಿ ಪಟ್ಟಿ ತನ್ನ ಕೆಲಸ ಶುರು ಮಾಡುತ್ತದೆ. ಬಿಗಿಯಾಗಿ ಕಟ್ಟಿದರೆ ಗಾಳಿಗೆ ಗುಂಯ್‌ಗುಡುತ್ತದೆ. ಆ ಶಬ್ದವೂ ಹಕ್ಕಿಗೆ ಹೆದರಿಕೆ ಎಂದು ಅಂಗಡಿಯವರು ಹೇಳಿದ್ದರು. ಹೆದರಿದ್ದು ಪಕ್ಕದ ಮನೆಯವರು. "ಅಕ್ಕೋರೇ, ನಿಮ್ಮ ಹಿತ್ತಲಲ್ಲಿ ಅದೆಂತದು ಗುಂಯ್ ಅಂತದೆ? ಊಟ ಮಾಡಿ ಒಂದು ಗಳಿಗೆ ಕಣ್ಣು ಮುಚ್ಚೂಕೆ ಆಗೂದಿಲ್ಲ" ಅಂದರು. ಸಡಿಲ ಮಾಡಿದೆ. ಗುಂಯ್ ನಿಂತು ಪಟಪಟ ಬಂತು. ಇನ್ನೂ ಸಡಿಲ ಮಾಡಿದರೆ ಚಿಕ್ಕುವಿನ ಟೊಂಗೆಗೆ ಸುತ್ತಿಕೊಂಡು ಗಂಟಾಯಿತು. ದಿನಾ ಬೆಳಿಗ್ಗೆ ಹೂ ಕೊಯ್ಯುವ ಹೊತ್ತಿನಲ್ಲಿ ಆ ಗಂಟು ಬಿಡಿಸುವುದೇ ಕೆಲಸವಾಯಿತು.

ಅಷ್ಟರಲ್ಲಿ ಉಪ್ಪುಗಾಳಿಗೆ ಬೆಳ್ಳಿ ಬಣ್ಣ ಸುಲಿಯಲಿಕ್ಕೆ ಶುರು. ಉಗುರಿನಷ್ಟು ಚೂರುಗಳು ಹರಿವೆ ಮಡಿಗೆ ಬಿದ್ದು, ಸೊಪ್ಪು ಹೆಚ್ಚುವಾಗ ದಂಟಿಗೆ ಅಂಟಿಕೊಂಡು ಬಂದವು. ಜಾಗ ಬದಲಿಸುತ್ತಾ ಇದ್ದರೆ ಪಟ್ಟಿಗೆ ಹಕ್ಕಿ ಹೆದರುತ್ತಲೇ ಇರುತ್ತದೆ ಎನ್ನುತ್ತಾರೆ, ನಿಜವೂ ಇರಬಹುದು. ಗದ್ದೆಯಲ್ಲಿ ತೆನೆ ಹಾಲು ತುಂಬುವ ಹದಿನೈದು ದಿನಕ್ಕೆ ಅದು ಸರಿ. ತಿಂಗಳುಗಟ್ಟಲೆ ಹಣ್ಣು ಬಿಡುವ ಹಿತ್ತಲಿಗೆ ಅಲ್ಲ. ಹಳೆ ಸಿ.ಡಿ. ನೇತುಹಾಕುವುದೂ ಇದೇ ಜಾತಿ.

ಬಲೆಗೆ ನಮ್ಮೂರಲ್ಲಿ ಬರವಿಲ್ಲ. ಬೇಲಿಗೆ, ಕೋಳಿ ಗೂಡಿಗೆ, ಸೊಪ್ಪಿನ ಮಡಿಗೆ ಎಲ್ಲದಕ್ಕೂ ಹಳೆ ಮೀನುಬಲೆಯೇ. ಪುಕ್ಕಟೆಯೂ ಹೌದು. ಆದರೆ ಹಕ್ಕಿಯ ವಿಷಯದಲ್ಲಿ ಪುಕ್ಕಟೆ ಸಿಗುವ ಈ ಬಲೆಯೇ ಎಲ್ಲಕ್ಕಿಂತ ಕೆಟ್ಟದ್ದು. ತೆಳು ನೈಲಾನ್ ಎಳೆ, ದೊಡ್ಡ ಕಣ್ಣು, ಹಕ್ಕಿಗೆ ಕಾಣದು, ಸಿಕ್ಕಿದರೆ ಬಿಡದು. ಅದನ್ನು ಹೆಣೆದದ್ದೇ ಅದಕ್ಕಲ್ಲವೇ? ನಮ್ಮಲ್ಲಿ ಸಿಕ್ಕಿಕೊಂಡದ್ದು ಹಕ್ಕಿಯಲ್ಲ, ಕೇರೆ ಹಾವು. ಹಿಂದೆ ಸರಿಯಲಾಗದೆ ಮುಂದೆ ನುಗ್ಗಿದಷ್ಟೂ ಎಳೆ ಹುರುಪೆಯ ಅಡಿಗೆ ಕೂತಿತ್ತು. ತಲೆ ಮೇಲೆ ಗೋಣಿ ಹಾಕಿ, ಉಗುರು ಕತ್ತರಿಸುವ ಸಣ್ಣ ಕತ್ತರಿಯಲ್ಲಿ ಒಂದೊಂದೇ ಎಳೆ ಬಿಡಿಸಿದೆವು. ಹೋಯಿತು, ಬದುಕಿತು. ಬಲೆ ಅಂದೇ ಗಂಟುಕಟ್ಟಿ ಅಟ್ಟಕ್ಕೆ.

ಬಲೆ ಹಾಕಲೇಬೇಕು ಎನ್ನುವವರಿಗೆ ಒಂದು ಪರೀಕ್ಷೆ: ಕಿರುಬೆರಳು ತೂರುವ ಕಣ್ಣಿದ್ದರೆ ಬೇಡ. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 2021ರಿಂದ ಮನೆಯ ಹಣ್ಣಿನ ಗಿಡಕ್ಕೆ ಹಾಕುವ ಬಲೆಯ ಕಣ್ಣು, ಎಳೆದು ಹಿಡಿದಾಗಲೂ 5 ಮಿ.ಮೀ. ದಾಟಬಾರದೆಂಬ ನಿಯಮವೇ ಇದೆ. ಬಿಳಿ ಬಣ್ಣದ್ದಾದರೆ ಹಕ್ಕಿ, ಬಾವಲಿ ಎರಡಕ್ಕೂ ಕಾಣುತ್ತದೆ. ಬುಡದಲ್ಲಿ ಸಡಿಲ ಬಿಡದೆ ಕಾಂಡಕ್ಕೆ ಕಟ್ಟಬೇಕು. ಇಷ್ಟೆಲ್ಲ ಮಾಡಿದರೆ ಬಲೆ ಗೆಲ್ಲುತ್ತದೆ, ಗೆಲ್ಲುವುದೇ ಇಲ್ಲ ಎನ್ನಲಾರೆ. ಆದರೆ ಚಿಗುರು ಕಣ್ಣಲ್ಲಿ ತೂರಿ ಬೆಳೆದ ಮೇಲೆ ತೆಗೆಯುವಾಗ ಅರ್ಧ ಗಿಡ ಕೈಗೆ ಬರುತ್ತದೆ. ಹೀರೆ ಚಪ್ಪರಕ್ಕಂತೂ ಹಾಕಲೇಬೇಡಿ. ಅದು ಸಂಜೆಗೆ ಅರಳುವ ಹೂ. ಪರಾಗ ಹೊತ್ತು ಬರುವ ಪತಂಗ, ಜೇನು ಒಳಗೆ ಬರದಿದ್ದರೆ ಕಾಯಿ ಎಲ್ಲಿಂದ?

ಈಗ ಚೀಲ. ಅಡಿಕೆ ಗೊನೆಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವ ಶಿರಸಿ ಸೀಮೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಅಲ್ಲಿ ಮಳೆಯಿಂದ ಕಾಯುವುದು, ಇಲ್ಲಿ ಕೊಕ್ಕಿನಿಂದ. ಪೇರಲೆ ನಿಂಬೆಕಾಯಿಯಷ್ಟಾದಾಗ, ಮಾವು ಕೋಳಿಮೊಟ್ಟೆಯಷ್ಟಾದಾಗ ಚೀಲ ತೊಡಿಸಿ ತೊಟ್ಟಿನ ಮೇಲೆ ದಾರ ಎಳೆದರೆ ಆಯಿತು. ಸಣ್ಣ ಕಣ್ಣಿನ ಬಟ್ಟೆಯಾದ್ದರಿಂದ ಹಣ್ಣುನೊಣವೂ ಸುಲಭಕ್ಕೆ ಒಳಗೆ ಮೊಟ್ಟೆ ಇಡಲಾರದು. ಹಕ್ಕಿಗೆಂದು ಕಟ್ಟಿದ್ದು ಹುಳಕ್ಕೂ ಆಯಿತು. ನನಗಂತೂ ಇದೇ ದೊಡ್ಡ ಲಾಭ. ಈಶಾಡ ಕೊಯ್ದರೆ ಒಳಗೆ ಹುಳ ಎನ್ನುವ ಮಾತು ನಮ್ಮನೆಯಲ್ಲಿ ನಿಂತೇ ಹೋಗಿದೆ. ಪೇಟೆಯಲ್ಲಿ ಕೊಂಡದ್ದು ಮೊದಲ ಕಟ್ಟು ಮಾತ್ರ, ಮಿಕ್ಕಿದ್ದು ಹಳೆ ಸೊಳ್ಳೆಪರದೆ ಕತ್ತರಿಸಿ ಹೊಲಿದದ್ದು.

ಕೊರತೆ ಇಲ್ಲವೆಂದಲ್ಲ. ಗಿಳಿ ಮನಸ್ಸು ಮಾಡಿದರೆ ಬಟ್ಟೆಯನ್ನೂ ಹರಿಯುತ್ತದೆ. ಮಳೆಗಾಲದ ಪೇರಲೆಗೆ ದಪ್ಪ ಬಟ್ಟೆ ಕಟ್ಟಿದರೆ ನೀರು ಹಿಡಿದು ಸಿಪ್ಪೆ ಕಪ್ಪಾಗುತ್ತದೆ, ಆಗ ಪರದೆ ಬಟ್ಟೆಯೇ ಆಗಬೇಕು. ಏಣಿ ಹತ್ತಬೇಕಾದ ಮರಕ್ಕೆ ಇದು ಆಗುವ ಕೆಲಸವಲ್ಲ. ಅಜ್ಜನ ಕಾಲದ ಮಾವಿನ ಮರವಿದ್ದವರು ಮೇಲಿನ ಟೊಂಗೆಗಳನ್ನು ಹಕ್ಕಿಗೆ ಬಿಟ್ಟು ಕೆಳಗಿನದನ್ನಷ್ಟೇ ಕಟ್ಟಿಕೊಳ್ಳಬೇಕು.

ಎಲ್ಲಕ್ಕೂ ಚೀಲ ಬೇಕೆಂದೂ ಇಲ್ಲ. ಪಪ್ಪಾಯಿಗೆ ಹಳದಿ ಗೆರೆ ಬಿದ್ದೊಡನೆ ಕೊಯ್ದು ಒಳಗೆ ಹಣ್ಣು ಮಾಡುತ್ತೇನೆ. ಚಿಕ್ಕು ಹೇಗೂ ಮರದಲ್ಲಿ ಹಣ್ಣಾಗಲು ಬಿಡುವಂಥದ್ದಲ್ಲ. ಮೈಮೇಲಿನ ಕಂದು ಹುಡಿ ಉದುರಿ, ಉಗುರಲ್ಲಿ ಗೀರಿದಾಗ ಹಸಿರು ಕಾಣದಿದ್ದರೆ ಕೊಯ್ಯಬಹುದು. ಹರಿವೆ ಬೀಜ ಬಿತ್ತಿದ ಮಡಿಗೆ ಮೊಳಕೆ ಬರುವ ತನಕ ತೆಂಗಿನ ಮಡಲು ಮುಚ್ಚಿದರೆ ಸಾಕು. ಕಾಗೆಗೆ ನಾನು ಏನೂ ಮಾಡುವುದಿಲ್ಲ. ಹಿತ್ತಲ ಮೂಲೆಯ ತೆಂಗಿನಲ್ಲಿ ಕಾಜಾಣ ಗೂಡು ಕಟ್ಟಿದ ವರ್ಷ ಆ ಕೆಲಸ ಅದೇ ನೋಡಿಕೊಳ್ಳುತ್ತದೆ.

ದಿನಾ ಬೆಳಿಗ್ಗೆ ಗಿಡದ ಬುಡಕ್ಕೆ ಹೋಗುವ ಅಭ್ಯಾಸ ಇದ್ದವರಿಗೆ, ಕೈಯಲ್ಲಿ ಇನ್ನೂರು ಮುನ್ನೂರು ರೂಪಾಯಿಗಿಂತ ಹೆಚ್ಚು ಬಿಚ್ಚಲು ಮನಸ್ಸಿಲ್ಲದವರಿಗೆ ಚೀಲವೇ ಸರಿ. ಶನಿವಾರ ಮಾತ್ರ ಊರಿಗೆ ಬರುವವರಾದರೆ ಸಣ್ಣ ಕಣ್ಣಿನ ಬಿಳಿ ಬಲೆಯೂ ಬೇಡ, ಅದನ್ನು ದಿನಕ್ಕೊಮ್ಮೆಯಾದರೂ ನೋಡದೆ ಬಿಡಬಾರದು. ಚೀಲ ಕೊಳ್ಳುವಾಗ ಬಟ್ಟೆಗಿಂತ ದಾರ ನೋಡಿ. ರಿಬ್ಬನ್ ದಾರ ಮಳೆಗೆ ಜಾರಿ ಚೀಲ ಕೆಳಗೆ ಬೀಳುತ್ತದೆ. ಒರಟು ಹತ್ತಿ ದಾರದ್ದು ಸಿಗದಿದ್ದರೆ ರಿಬ್ಬನ್ ಕಿತ್ತು ಬಾಳೆನಾರು ಹಾಕಿ.