ಬೆಲ್ ಏರ್ ಮಾದರಿಯ ಹೊಳಪಿಗೆ ಯಾವುದು ವಾಸಿ: ಫಾಯಿಲ್, ಕ್ರೋಮ್ ಪೆನ್ನು, ಏರ್‌ಬ್ರಷ್ ಕ್ರೋಮ್

1957ರ ಷೆವರ್ಲೆ ಬೆಲ್ ಏರ್‌ನ ಉದ್ದ 200 ಇಂಚು, ಅಂದರೆ 5,080 ಮಿ.ಮೀ. ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ 1/25 ಅಳತೆಯ ಪ್ಲಾಸ್ಟಿಕ್ ಮಾದರಿ ಕಿಟ್‌ನಲ್ಲಿ ಅದು 203 ಮಿ.ಮೀ.ಗೆ ಇಳಿಯುತ್ತದೆ. ಕಿಟಕಿಯ ಸುತ್ತ ಒಂದು ಇಂಚು ಅಗಲ ಇದ್ದ ಹೊಳೆಯುವ ಪಟ್ಟಿ ಇಲ್ಲಿ ಬರೀ 1 ಮಿ.ಮೀ. ಬಣ್ಣ ಎಷ್ಟೇ ಚೆನ್ನಾಗಿ ಬಂದಿರಲಿ, ಈ ಒಂದು ಮಿಲಿಮೀಟರಿನ ಅಂಚು ಅಂಕುಡೊಂಕಾದರೆ ಮಾದರಿ ಆಟದ ಸಾಮಾನಿನಂತೆ ಕಾಣುತ್ತದೆ. ಐವತ್ತರ ದಶಕದ ಅಮೆರಿಕನ್ ಕಾರು ಕಟ್ಟುವವರಿಗೆ ಅತಿ ಹೆಚ್ಚು ಸಮಯ ಹಿಡಿಯುವ ಕೆಲಸವೂ ಇದೇ.

ಇದಕ್ಕೆ ಇರುವ ದಾರಿ ಮೂರು: ಹಿಂಬದಿಗೆ ಅಂಟು ಇರುವ ತೆಳು ಅಲ್ಯೂಮಿನಿಯಂ ಫಾಯಿಲ್, ಆಲ್ಕೋಹಾಲ್ ಆಧಾರಿತ ಶಾಯಿಯ ಕ್ರೋಮ್ ಪೆನ್ನು, ಕಪ್ಪು ಬಣ್ಣದ ಮೇಲೆ ಏರ್‌ಬ್ರಷ್‌ನಿಂದ (ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಪುಟ್ಟ ಸಾಧನ) ಹೊಡೆಯುವ ಲ್ಯಾಕರ್ ಕ್ರೋಮ್. ಲ್ಯಾಕರ್ ಎಂದರೆ ಥಿನ್ನರ್‌ನಲ್ಲಿ ಕರಗುವ, ಬೇಗ ಒಣಗುವ ಬಣ್ಣ. ಮೂರನ್ನೂ ಒಂದೇ ಬಗೆಯ ಬಾಡಿಗಳ ಮೇಲೆ, ಅದೇ ಕಿಟಕಿ ಪಟ್ಟಿ, ಅದೇ ಬಂಪರ್, ಅದೇ ಅಕ್ಷರಗಳಿಗೆ ಹಾಕಿ ನೋಡಿದ್ದೇವೆ. ಬಾಡಿಯ ಮೇಲೆ ಲ್ಯಾಕರ್ ಬಣ್ಣ, ಅದರ ಮೇಲೆ ಲ್ಯಾಕರ್ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ.

ಹೋಲಿಸುವ ಮೊದಲು ಒಂದು ಮಾತು. ಈ ಕಾರಿನಲ್ಲಿ ಮಿಂಚುವುದೆಲ್ಲ ಕ್ರೋಮ್ ಅಲ್ಲ. ಬಂಪರ್ ಕ್ರೋಮ್ ಲೇಪಿಸಿದ ಉಕ್ಕು, ಪಕ್ಕದ ಉದ್ದ ಪಟ್ಟಿಗಳು ಸ್ಟೇನ್‌ಲೆಸ್ ಸ್ಟೀಲ್, ಹಿಂದಿನ ರೆಕ್ಕೆಯ ಕೆಳಗಿನ ಗೆರೆಗೆರೆ ಫಲಕ ಆನೊಡೈಸ್ ಮಾಡಿದ ಅಲ್ಯೂಮಿನಿಯಂ. ಬೆಲ್ ಏರ್ ದರ್ಜೆಗೆ ಗ್ರಿಲ್‌ನ ಜಾಲರಿ ಮತ್ತು ಮುಂದಿನ ಫೆಂಡರ್‌ನ ಮೂರು ಬಾಣಗುರುತುಗಳು ಚಿನ್ನದ ಬಣ್ಣದವು. ಎಲ್ಲಕ್ಕೂ ಒಂದೇ ಕನ್ನಡಿ ಹೊಳಪು ಕೊಟ್ಟರೆ ಲೋಹಗಳ ನಡುವಿನ ವ್ಯತ್ಯಾಸ ಅಳಿಸಿಹೋಗುತ್ತದೆ. ಹಾಗಾಗಿ ಮೂರರಲ್ಲಿ ಒಂದನ್ನೇ ಆರಿಸಿ ಇಡೀ ಕಾರಿಗೆ ಬಳಸುವುದು ನಮ್ಮ ಪ್ರಕಾರ ತಪ್ಪು ಲೆಕ್ಕ.

ಮೊದಲು ಫಾಯಿಲ್. ಕಿಟಕಿ ಪಟ್ಟಿಗೂ ಪಕ್ಕದ ಪಟ್ಟಿಗೂ ಇದಕ್ಕೆ ಸಾಟಿ ಇಲ್ಲ. ಇದು ನಿಜವಾದ ಲೋಹ, ಅಂಚನ್ನು ಬ್ಲೇಡ್ ಕತ್ತರಿಸುತ್ತದೆ, ಕೈ ಬರೆಯುವುದಿಲ್ಲ. ಬೇಕಾದ ಅಗಲಕ್ಕಿಂತ 3-4 ಮಿ.ಮೀ. ಹೆಚ್ಚಿಟ್ಟು ಹಾಳೆಯ ಮೇಲೆಯೇ ಕತ್ತರಿಸಿ, ಬ್ಲೇಡ್ ತುದಿಯಿಂದ ಎತ್ತಿ, ಪಟ್ಟಿಯ ಮೇಲೆ ಎಳೆಯದೆ ಸುಮ್ಮನೆ ಇಳಿಸಬೇಕು. ಎಳೆದರೆ ಹರಿಯುತ್ತದೆ. ಮೊದಲು ಹತ್ತಿ ಕಡ್ಡಿಯಿಂದ ನಡುವಿನಿಂದ ಹೊರಕ್ಕೆ ಉಜ್ಜಿ, ಆಮೇಲೆ ಮೊಂಡು ಮಾಡಿದ ಹಲ್ಲುಕಡ್ಡಿಯಿಂದ ಪಟ್ಟಿಯ ಎರಡೂ ಬದಿಯ ಸಂದಿಗೆ ಒತ್ತಿ. ಸಣ್ಣ ಸುಕ್ಕುಗಳು ಈ ಉಜ್ಜುವಿಕೆಯಲ್ಲೇ ಮಾಯವಾಗುತ್ತವೆ. ದೊಡ್ಡ ಸುಕ್ಕು ಬಿದ್ದರೆ ಕಿತ್ತು ಹೊಸದು ಹಾಕುವುದೇ ಮೇಲು.

ಕತ್ತರಿಸುವಾಗ ಎಡವುವವರು ಬಹಳ. ಕುಶಲಕೆಲಸದ ಚಾಕುವಿಗೆ ಹಾಕುವ, ಚೂಪು ತುದಿಯ 11ನೇ ನಂಬರಿನ ಹೊಸ ಬ್ಲೇಡನ್ನು ಸಂದಿಯಲ್ಲಿಟ್ಟು ಅದರ ಸ್ವಂತ ಭಾರದಲ್ಲೇ ಎಳೆಯಬೇಕು. ಒತ್ತಿದರೆ ಕೆಳಗಿನ ಬಣ್ಣ ಸೀಳಿ, ಅದರಡಿಯ ಮೊದಲ ಪದರವಾದ ಪ್ರೈಮರ್‌ನ ಬೂದು ಗೆರೆ ಕಾಣಿಸಿಕೊಳ್ಳುತ್ತದೆ. ಮೊಂಡು ಬ್ಲೇಡ್ ಕತ್ತರಿಸುವ ಬದಲು ಫಾಯಿಲನ್ನು ಹಿಂಜಿ ಗರಗಸದಂಥ ಅಂಚು ಬಿಡುತ್ತದೆ. ಒಂದು ಬದಿಯ ಕಿಟಕಿಗಳಿಗೆ ಒಂದು ಬ್ಲೇಡ್ ಮೀಸಲಿಡಿ, ಅದರಲ್ಲಿ ಜಿಪುಣತನ ಬೇಡ. ಉದ್ದ ಪಟ್ಟಿಯನ್ನು ಒಂದೇ ತುಂಡಿನಲ್ಲಿ ಹಾಕುವ ಹಟವೂ ಬೇಡ. ಬಾಗಿಲಿನ ಗೆರೆ ಬರುವಲ್ಲಿ ತುಂಡು ಮಾಡಿದರೆ ಜೋಡಣೆ ಕಾಣುವುದೇ ಇಲ್ಲ. ಉಳಿದ ಅಂಟನ್ನು ಲೈಟರ್‌ಗೆ ತುಂಬುವ ನಾಫ್ತಾ ತೋಯಿಸಿದ ಹತ್ತಿಯಿಂದ ಒರೆಸಿ. ತೆಗೆದಿಟ್ಟ ಹಾಳೆ ವರ್ಷಗಟ್ಟಲೆ ಬಿದ್ದಿದ್ದರೆ ಅಂಟು ಒಣಗಿ, ಎತ್ತುವಾಗಲೇ ಚೂರಾಗುತ್ತದೆ. ಬಾಡಿಗೆ ಹಾಕುವ ಮೊದಲು ಒಂದು ಮೂಲೆ ಕತ್ತರಿಸಿ ಪರೀಕ್ಷಿಸಿ.

ಅಡುಗೆಮನೆಯ ಫಾಯಿಲ್‌ಗೆ ಅಂಟು ಬಳಿದು ಅದನ್ನೇ ಬಳಸಬಹುದೇ? ಚಪ್ಪಟೆ ಜಾಗಕ್ಕೆ, ಉದಾಹರಣೆಗೆ ಆ ಗೆರೆಗೆರೆ ಫಲಕಕ್ಕೆ, ಆಗುತ್ತದೆ. ಅದರ ಮಸುಕು ಬದಿ ಆನೊಡೈಸ್ ಅಲ್ಯೂಮಿನಿಯಂಗೆ ಚೆನ್ನಾಗಿಯೇ ಹೊಂದುತ್ತದೆ. ಅಕ್ಷರಗಳಿಗೆ ಬೇಡ. ದಪ್ಪ ಹೆಚ್ಚು, ಉಬ್ಬಿನ ಸುತ್ತ ಕೂರುವುದಿಲ್ಲ.

ಅಕ್ಷರಗಳ ವಿಷಯದಲ್ಲಿ ಫಾಯಿಲ್‌ನ ಇನ್ನೊಂದು ಉಪಾಯ ಉಳಿದೆರಡನ್ನೂ ಮೀರಿಸುತ್ತದೆ. ಬಾಡಿಯ ಮೇಲೆ ಉಬ್ಬಿ ಬಂದ ಹೆಸರಿನ ಅಕ್ಷರಗಳಿಗೆ ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮೊದಲೇ, ಫಾಯಿಲ್ ಹಾಕಿ ಚೆನ್ನಾಗಿ ಉಜ್ಜಿ, ಅಕ್ಷರದ ಸುತ್ತ ಆದಷ್ಟು ಹತ್ತಿರ ಕತ್ತರಿಸಿ. ಅದರ ಮೇಲೆಯೇ ಬಣ್ಣ ಹೊಡೆಯಿರಿ. ಬಣ್ಣ ಒಣಗಿದ ಮೇಲೆ, ಕ್ಲಿಯರ್‌ಗೆ ಮೊದಲು, ಹಲ್ಲುಕಡ್ಡಿಗೆ ಒಂದು ಎಳೆ ಬಟ್ಟೆ ಸುತ್ತಿ, ಥಿನ್ನರ್‌ನಲ್ಲಿ ಅದ್ದಿ, ಬಟ್ಟೆಗೆ ಒರೆಸಿ ಬಹುತೇಕ ಒಣಗಿಸಿ, ಅಕ್ಷರದ ನೆತ್ತಿಯನ್ನಷ್ಟೇ ಸವರಿ. ಬಣ್ಣ ಕರಗಿ ಲೋಹ ಹೊರಬರುತ್ತದೆ. ಕಡ್ಡಿ ಹಸಿಯಾಗಿದ್ದರೆ ಥಿನ್ನರ್ ಕೆಳಗೆ ಹರಿದು ಸುತ್ತಲಿನ ಬಣ್ಣವೂ ಹೋಗುತ್ತದೆ. ಇಲ್ಲಿ ಕೆಡುವುದು ಬಹುತೇಕ ಇದೊಂದೇ ಕಾರಣಕ್ಕೆ.

ಕ್ರೋಮ್ ಪೆನ್ನಿನ ಹೊಳಪು ಮೊದಲ ನೋಟಕ್ಕೆ ಬೆರಗು ಹುಟ್ಟಿಸುತ್ತದೆ, ಫಾಯಿಲ್‌ಗಿಂತ ನಿಜವಾದ ಕ್ರೋಮ್‌ಗೆ ಹತ್ತಿರ. ಶಾಯಿ ತಾನೇ ಹರಡಿ ಸಮನಾಗುವುದರಿಂದ ಬ್ರಷ್ ಗುರುತು ಬೀಳುವುದಿಲ್ಲ. ಬಾಗಿಲ ಹಿಡಿ, ಕನ್ನಡಿಯ ಕಾಲು, ಡ್ಯಾಶ್‌ಬೋರ್ಡಿನ ಉಂಗುರಗಳಂಥ ಫಾಯಿಲ್ ಸುತ್ತಲಾಗದ ಗುಂಡು ಭಾಗಗಳಿಗೆ ಇದೇ ಸರಿ. ಕೆಳಗೆ ನುಣುಪಾದ, ಹೊಳೆಯುವ ಮೇಲ್ಮೈ ಇರಲೇಬೇಕು. ಮ್ಯಾಟ್ ಪ್ರೈಮರ್ ಮೇಲೆ ಹಚ್ಚಿದರೆ ಬೆಳ್ಳಿ ಬಣ್ಣ ಸಿಗುತ್ತದೆಯೇ ಹೊರತು ಕ್ರೋಮ್ ಅಲ್ಲ. ಸಣ್ಣ ಭಾಗಕ್ಕೆ ಶಾಯಿಯನ್ನು ತಟ್ಟೆಗೆ ಇಳಿಸಿಕೊಂಡು ಸೊನ್ನೆ ನಂಬರಿನ ಬ್ರಷ್‌ನಿಂದ ಹಚ್ಚಿ, ಒಂದೇ ಸಲ. ಅರ್ಧ ಒಣಗಿದ ಶಾಯಿಯ ಮೇಲೆ ಮತ್ತೆ ಬ್ರಷ್ ಆಡಿಸಿದರೆ ಪದರ ಕಿತ್ತು ಬೂದಾಗುತ್ತದೆ.

ಇದರ ದೌರ್ಬಲ್ಯ ಕೈ ತಾಗುವುದು. ಮುಟ್ಟಿದರೆ ಅಂಟದಷ್ಟು ಬೇಗ ಒಣಗಿದಂತೆ ಕಂಡರೂ ಬೆರಳಚ್ಚು ಬಿದ್ದಲ್ಲಿ ಹೊಳಪು ಸಾಯುತ್ತದೆ. ಕನಿಷ್ಠ ಮೂರು ದಿನ ಹಾಗೇ ಬಿಡಿ, ಆಮೇಲೂ ಆದಷ್ಟು ಮುಟ್ಟಬೇಡಿ. ತಪ್ಪಾದರೆ ತಿದ್ದುವುದು ಮಾತ್ರ ಸುಲಭ: ಐಸೊಪ್ರೊಪೈಲ್ ಆಲ್ಕೋಹಾಲ್ ತೋಯಿಸಿದ ಹತ್ತಿ ಕಡ್ಡಿಯಿಂದ ಒರೆಸಿದರೆ ಹೋಗುತ್ತದೆ, ಪೂರ್ತಿ ಗಟ್ಟಿಯಾದ ಲ್ಯಾಕರ್‌ಗೆ ಏನೂ ಆಗದು. ಬಾಡಿಗೆ ಅಕ್ರಿಲಿಕ್ ಬಣ್ಣ ಹೊಡೆದಿದ್ದರೆ ಅದೂ ಜೊತೆಗೇ ಎದ್ದು ಬರುತ್ತದೆ, ಎಚ್ಚರ.

ಏರ್‌ಬ್ರಷ್ ಕ್ರೋಮ್ ಬಂಪರ್‌ಗೆ. ಕಿಟ್‌ನಲ್ಲಿ ಬಂಪರ್ ಈಗಾಗಲೇ ಹೊಳೆಯುತ್ತಿರುತ್ತದಲ್ಲ ಎನ್ನಬಹುದು. ಆ ಹೊಳಪು ನಿರ್ವಾತದಲ್ಲಿ ಅಲ್ಯೂಮಿನಿಯಂ ಆವಿ ಕೂರಿಸಿದ್ದು. ಸ್ಪ್ರೂನಿಂದ (ಬಿಡಿಭಾಗಗಳನ್ನು ಹಿಡಿದಿಟ್ಟ ಪ್ಲಾಸ್ಟಿಕ್ ಚೌಕಟ್ಟು) ಬೇರ್ಪಡಿಸಿದ ಕಡೆ ಬರಿ ಪ್ಲಾಸ್ಟಿಕ್ ಕಾಣುತ್ತದೆ, ಅಚ್ಚಿನ ಗೆರೆ ಉಜ್ಜಿದರೆ ಲೇಪವೂ ಹೋಗುತ್ತದೆ. ಗುರುತುಗಳು ಕಣ್ಣಿಗೆ ಬೀಳದ ಜಾಗದಲ್ಲಿದ್ದರೆ ಬಿಟ್ಟುಬಿಡಿ. ಎದುರಿಗೇ ಇದ್ದರೆ ಬ್ಲೀಚ್ ದ್ರಾವಣದಲ್ಲಿ ಮುಳುಗಿಸಿ, ಅಲ್ಯೂಮಿನಿಯಂ ಕರಗಿಹೋಗುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಬೇರೆ ಯಾವ ಕ್ಲೀನರ್ ಜೊತೆಗೂ ಬೆರೆಸಬೇಡಿ. ಬಳಿಕ ಗೆರೆ ಉಜ್ಜಿ, ಹೊಳೆಯುವ ಕಪ್ಪು ಬಣ್ಣ ಹೊಡೆದು ಎರಡು ದಿನ ಬಿಡಿ. ಇಡೀ ಕೆಲಸ ನಿಂತಿರುವುದು ಈ ಕಪ್ಪಿನ ಮೇಲೆ. ಅದರಲ್ಲಿ ಧೂಳಿದ್ದರೆ ಕ್ರೋಮ್‌ನಲ್ಲಿ ಇಮ್ಮಡಿಯಾಗಿ ಕಾಣುತ್ತದೆ. ಸರಿಯಾಗಿ ಗಟ್ಟಿಯಾಗದಿದ್ದರೆ ಮೇಲಿನ ಲ್ಯಾಕರ್ ಅದನ್ನು ಕೆದಕಿ ಮಂಜು ಕವಿದಂತೆ ಮಾಡುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಲ್ಯಾಕರ್ ತೇವ ಹಿಡಿದು ಬೆಳ್ಳಗಾಗುವುದುಂಟು, ಬಿಸಿಲಿನ ದಿನ ಕಾಯಿರಿ. ಕ್ರೋಮ್ ಅನ್ನು 12-15 ಪಿಎಸ್‌ಐ ಒತ್ತಡದಲ್ಲಿ, 5-7 ಸೆಂ.ಮೀ. ದೂರದಿಂದ, ಹಸಿಯಾಗದಂತೆ ಇಬ್ಬನಿಯ ಹಾಗೆ ಹೊಡೆಯಿರಿ. ಕಪ್ಪು ಇನ್ನೂ ಚೂರು ಇಣುಕುತ್ತಿರುವಾಗಲೇ ನಿಲ್ಲಿಸಿ. ಪೂರ್ತಿ ಮುಚ್ಚಿದರೆ ಬೂದು. ಕಿಟಕಿ ಪಟ್ಟಿಗೆ ಈ ದಾರಿ ಬೇಡ, ಅದಕ್ಕಾಗಿ ಇಡೀ ಬಾಡಿಯನ್ನು ಟೇಪಿನಿಂದ ಮುಚ್ಚಿ ಮಾಸ್ಕಿಂಗ್ ಮಾಡಬೇಕಾಗುತ್ತದೆ.

ಮೇಲೆ ಕ್ಲಿಯರ್ ಹೊಡೆದಾಗ ಮೂರೂ ಬೇರೆಬೇರೆಯಾಗಿ ವರ್ತಿಸುತ್ತವೆ. ಫಾಯಿಲ್ ಸ್ವಲ್ಪವೇ ಮಂಕಾಗಿ ಸ್ಟೇನ್‌ಲೆಸ್‌ಗೆ ಇನ್ನಷ್ಟು ಹತ್ತಿರವಾಗುತ್ತದೆ, ಅಂಚು ಏಳದಂತೆ ಭದ್ರವೂ ಆಗುತ್ತದೆ. ಏರ್‌ಬ್ರಷ್ ಕ್ರೋಮ್ ಮಾಮೂಲಿ ಅಲ್ಯೂಮಿನಿಯಂ ಬಣ್ಣಕ್ಕೆ ಇಳಿಯುತ್ತದೆ. ಪೆನ್ನಿನ ಶಾಯಿ ಬೂದಾಗುತ್ತದೆ. ಆದ್ದರಿಂದ ಬಂಪರನ್ನು ಪ್ರತ್ಯೇಕವಾಗಿ ಮುಗಿಸಿಟ್ಟು ಜೋಡಿಸಿ, ಪೆನ್ನಿನ ಕೆಲಸವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಿ.

ಚಿನ್ನದ ಭಾಗಗಳಿಗೆ ಮಾದರಿ ಬಣ್ಣ ತಯಾರಿಸುವ ಟಮಿಯಾ ಕಂಪನಿಯ ಎಕ್ಸ್-24 ಪಾರದರ್ಶಕ ಹಳದಿಗೆ ಒಂದೆರಡು ಹನಿ ಎಕ್ಸ್-26 ಪಾರದರ್ಶಕ ಕಿತ್ತಳೆ ಬೆರೆಸಿ ಸವರಿ. ಕಿಟ್‌ನ ಲೇಪದ ಮೇಲೆ, ಫಾಯಿಲ್ ಮೇಲೆ ಇದು ಸೊಗಸಾಗಿ ಕೂರುತ್ತದೆ. ಪೆನ್ನಿನ ಶಾಯಿಯ ಮೇಲೆ ಹಚ್ಚಬೇಡಿ: ಈ ಬಣ್ಣದಲ್ಲೂ ಆಲ್ಕೋಹಾಲ್ ಇದೆ, ಕೆಳಗಿನ ಕ್ರೋಮ್ ಕರಗಿ ಬ್ರಷ್‌ಗೇ ಬಂದುಬಿಡುತ್ತದೆ.